ಎರಡು ಸಲ ಸವರಿದ ಬಟ್ಟೆ

'ಗಡಿಯಾರ ಬೆಡ್‌ಶೀಟ್ ನೋಡುವುದಿಲ್ಲ, ನನ್ನನ್ನು ನೋಡುತ್ತಾಳೆ.'

ಬಸ್ಸಿನ ಕುಲುಕಾಟದಲ್ಲೇ ಡೈರಿಯಲ್ಲಿ ಈ ಸಾಲು ಗೀಚಿ, ಪಕ್ಕದವರು ಓದಿಬಿಟ್ಟಾರೆಂದು ಜೊತೆಗಾತಿ ಪುಟವನ್ನು ಅಂಗೈಯಿಂದ ಮುಚ್ಚಿಕೊಂಡಳು. ಪಕ್ಕದ ಸೀಟು ಖಾಲಿ ಇತ್ತು. ಅವಳ ಸ್ವಭಾವವೇ ಹಾಗೆ. ಡಿಗ್ರಿ ಮುಗಿಸುವವರೆಗೂ ತರಗತಿಯಲ್ಲಿ ಒಂದು ಸಲವೂ ಎದ್ದು ನಿಂತು ಪ್ರಶ್ನೆ ಕೇಳಿದವಳಲ್ಲ. ಬಾಯಿಗೆ ಬಂದ ಮಾತು ಗಂಟಲಲ್ಲಿ ಒಂದು ಸುತ್ತು ತಿರುಗಿ ವಾಪಸ್ ಹೋಗಿ ಡೈರಿಯಲ್ಲಿ ಕೂರುತ್ತಿತ್ತು.

ಅಂಥವಳಿಗೆ ಸಿಕ್ಕಿದ ಮೊದಲ ಕೆಲಸವೇ ಇದು. ಬುದ್ಧಿಯ ಬೆಳವಣಿಗೆ ನಿಧಾನವಾಗಿರುವ ಮಕ್ಕಳ ಶಾಲೆಯೊಂದರಲ್ಲಿ ಓದು ಮುಗಿಸಿದವರನ್ನು ಕೆಲಸದ ಜಾಗಕ್ಕೆ ಕರೆದೊಯ್ದು, ಅವರು ಅಲ್ಲಿ ಕಾಲೂರುವ ತನಕ ಜೊತೆಗಿರುವುದು. ನೇಮಕದ ಕಾಗದದಲ್ಲಿ ಹುದ್ದೆಗೆ ಉದ್ದನೆಯ ಹೆಸರಿತ್ತು, ಶಾಲೆಯಲ್ಲಿ ಎಲ್ಲರೂ ಜೊತೆಗಾತಿ ಎನ್ನುತ್ತಿದ್ದರು. "ಮೊದಲ ವಾರ ಪಕ್ಕದಲ್ಲಿ ನಿಲ್ಲು, ಎರಡನೇ ವಾರ ಎದುರಿಗೆ ನಿಲ್ಲು, ಆಮೇಲೆ ದೂರ, ಇನ್ನೂ ದೂರ. ಆರನೇ ವಾರ ನೀನು ಅಲ್ಲಿದ್ದೀಯ ಅನ್ನೋದೇ ಯಾರಿಗೂ ನೆನಪಿರಬಾರದು" ಎಂದು ಶಾಲೆಯ ದೊಡ್ಡ ಟೀಚರ್ ಹೇಳಿಕೊಟ್ಟಿದ್ದರು. ಯಾರಿಗೂ ನೆನಪಿಲ್ಲದಂತೆ ಇರುವುದು ತನಗೆ ಹುಟ್ಟಿನಿಂದಲೇ ಬಂದ ವಿದ್ಯೆ ಎಂದು ಅವಳು ಒಳಗೊಳಗೇ ನಕ್ಕಿದ್ದಳು.

ಅವಳ ಪಾಲಿಗೆ ಬಂದವಳು ಹತ್ತೊಂಬತ್ತರ ಹುಡುಗಿ, ಶಾಲೆಯವರೆಲ್ಲರ ಬಾಯಲ್ಲಿ ಗಡಿಯಾರ. ಓದು ಅಷ್ಟಕ್ಕಷ್ಟೆ. ಇಪ್ಪತ್ತು ದಾಟಿದರೆ ಅಂಕಿಗಳು ಕೈ ಜಾರುತ್ತಿದ್ದವು. ಆದರೆ ಹೊತ್ತು ಎಂಬುದು ಅವಳ ಮೈಯೊಳಗೇ ಓಡುತ್ತಿತ್ತು. ಮಾತು ಕಡಿಮೆ. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡದ್ದಂತೂ ಇಲ್ಲ.

ಕೆಲಸದ ಜಾಗ ಒಂದು ದೊಡ್ಡ ಲಾಂಡ್ರಿ. ಆಸ್ಪತ್ರೆ, ಹಾಸ್ಟೆಲುಗಳ ಬೆಡ್‌ಶೀಟುಗಳು ಚಕ್ರದ ಗಾಡಿಗಳಲ್ಲಿ ಗುಡ್ಡೆಗುಡ್ಡೆಯಾಗಿ ಬರುತ್ತಿದ್ದವು. ಒಗೆದು ಒಣಗಿದ ಮೇಲೆ ಪ್ರತಿಯೊಂದನ್ನೂ ದೀಪದ ಕೆಳಗಿನ ಮೇಜಿನ ಮೇಲೆ ಹರಡಿ ನೋಡಬೇಕು. ಕಲೆ ಇದ್ದರೆ ನೀಲಿ ಬುಟ್ಟಿ, ಹರಿದಿದ್ದರೆ ಕೆಂಪು ಬುಟ್ಟಿ, ಸರಿಯಿದ್ದರೆ ಇಸ್ತ್ರಿ ಯಂತ್ರದ ಕಡೆಗೆ. ಗಂಟೆಗೆ ಅರವತ್ತು ಆಗಬೇಕು. ಆರು ವಾರದ ಪರೀಕ್ಷೆ, ಗೆದ್ದರೆ ಖಾಯಂ ಕೆಲಸ.

ಇಸ್ತ್ರಿ ಯಂತ್ರ ನೋಡಿಕೊಳ್ಳುವವನು ಆ ಕೋಣೆಯ ಆಕಾಶವಾಣಿ. ಎಲ್ಲರೂ ಅವನನ್ನು ಇಸ್ತ್ರಿಯಣ್ಣ ಎನ್ನುತ್ತಿದ್ದರು. ಹಬೆಯ ನಡುವಿನಿಂದ ಅವನ ಮುಖಕ್ಕಿಂತ ಮೊದಲು ಮಾತು ಹೊರಗೆ ಬರುತ್ತಿತ್ತು.

"ಏನಮ್ಮ ಗಡಿಯಾರ, ಟೀ ಹೊತ್ತಾಯ್ತಾ?"

"ಇಲ್ಲ. ಇನ್ನೂ ನಾಲ್ಕು ನಿಮಿಷ ಇದೆ."

"ಗೋಡೆಯಲ್ಲಿರೋದು ಆಯ್ತು ಅಂತಿದೆಯಲ್ಲ?"

"ಅದು ಮುಂದಿದೆ."

ಇಸ್ತ್ರಿಯಣ್ಣ ಫೋನು ತೆಗೆದು ನೋಡಿ ನಿಟ್ಟುಸಿರು ಬಿಡುತ್ತಿದ್ದ. "ನೋಡಿ ಡೈರಿ ಮೇಡಂ, ಗೋಡೆ ಸೋತಿತು. ಬರ್ಕೊಳ್ಳಿ. ಹಾಗೇ ನನ್ನ ಬಗ್ಗೆಯೂ ಒಂದೆರಡು ಒಳ್ಳೆ ಮಾತು ಬರೆದುಕೊಡಿ, ಮನೇಲಿ ತೋರಿಸ್ತೀನಿ. ನಾನು ಹೇಳಿದ್ರೆ ಹೆಂಡತಿ ನಂಬಲ್ಲ."

ಮೊದಲ ವಾರ ಗಡಿಯಾರ ಕೆಲಸ ಮಾಡುತ್ತಿದ್ದ ರೀತಿಯೇ ಬೇರೆ. ಬೆಡ್‌ಶೀಟ್ ಹರಡಿ ಅಂಗೈಯಿಂದ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸವರುತ್ತಿದ್ದಳು. ಆಮೇಲೆ ಕೈ ತಿರುಗಿಸಿ, ಬೆರಳುಗಳ ಬೆನ್ನಿನಿಂದ ಮತ್ತೆ ಅಷ್ಟೂ ಬಟ್ಟೆಯನ್ನು ಇನ್ನೊಮ್ಮೆ ಸವರುತ್ತಿದ್ದಳು, ಮಲಗಿದ ಮಗುವಿನ ಹಣೆ ಮುಟ್ಟಿ ಜ್ವರ ನೋಡುವವರ ಹಾಗೆ. ನೋಡಲು ಚೆಂದ, ಆದರೆ ಗಂಟೆಗೆ ಮೂವತ್ತು ದಾಟುತ್ತಿರಲಿಲ್ಲ. 'ಎರಡನೇ ಸಲ ಸವರುವುದು ಬರೀ ಅಭ್ಯಾಸಬಲ. ಬಿಡಿಸಬೇಕು' ಎಂದು ಜೊತೆಗಾತಿ ಡೈರಿಯಲ್ಲಿ ಬರೆದಳು. ಎಲ್ಲರೆದುರು ಗದರಿಸಿ ಹೇಳುವುದು ಅವಳಿಂದ ಆಗದ ಮಾತು. ಎದುರಿಗೆ ನಿಂತು ಕಣ್ಣಲ್ಲೇ ಹೇಳಿದಳು. ಗಡಿಯಾರ ಕೈ ತಿರುಗಿಸಿದಾಗ ಹುಬ್ಬು ಏರಿಸಿದಳು. ಸರಿಯಾಗಿದೆ ಎಂದು ತನಗೆ ಕಂಡ ಬೆಡ್‌ಶೀಟ್ ಕೆಂಪು ಬುಟ್ಟಿಗೆ ಹೋದಾಗ ಇಸ್ತ್ರಿ ಯಂತ್ರದ ಕಡೆ ಕಣ್ಣು ಹೊರಳಿಸಿದಳು. ಗಡಿಯಾರ ಬುಟ್ಟಿಯಿಂದ ಅದನ್ನು ತೆಗೆದು, ಒಂದು ಕ್ಷಣ ಕೈಯಲ್ಲೇ ಹಿಡಿದುಕೊಂಡು, ಆಮೇಲೆ ಆ ಕಡೆ ಹಾಕುತ್ತಿದ್ದಳು.

ಮೂರನೇ ವಾರಕ್ಕೆ ಎರಡನೇ ಸವರು ನಿಂತಿತು. ಲೆಕ್ಕ ಅರವತ್ತೆರಡಕ್ಕೆ ಏರಿತು. ದೊಡ್ಡ ಟೀಚರ್ ಬೆನ್ನು ತಟ್ಟಿದರು. ಜೊತೆಗಾತಿ ದೂರ ಸರಿದಳು, ಇನ್ನೂ ದೂರ ಸರಿದಳು. ಕಣ್ಣು ಮಾತ್ರ ಅಲ್ಲೇ ಇತ್ತು, ಅದನ್ನು ದೂರ ಮಾಡಬೇಕೆಂದು ಅವಳಿಗೆ ಹೊಳೆಯಲಿಲ್ಲ.

ಹೊಳೆದದ್ದು ನಿನ್ನೆ. ನೀರು ಕುಡಿಯಲು ಹೋದವಳು ಲೋಟ ತುಂಬಿಸುತ್ತ ತಿರುಗಿ ನೋಡಿದರೆ, ಗಡಿಯಾರದ ಕೈ ನಿಂತಿತ್ತು. ಬೆಡ್‌ಶೀಟ್ ಹರಡಿಕೊಂಡೇ ಇತ್ತು, ತಲೆ ಮಾತ್ರ ಅತ್ತಿತ್ತ ಹುಡುಕುತ್ತಿತ್ತು. ಜೊತೆಗಾತಿಯ ಮುಖ ಕಂಡದ್ದೇ ತಡ, ಕೈ ಹರಿದಾಡಿತು. ಹುಡುಗಿಗೆ ಕೆಲಸ ಕಲಿಸಲು ಹೋಗಿ ತನ್ನ ಮುಖ ಓದಲು ಕಲಿಸಿಬಿಟ್ಟೆನೇ? ಇದನ್ನು ದೊಡ್ಡ ಟೀಚರಿಗೆ ಹೇಳಬೇಕು. ಹೇಳಿದರೆ, ಆರು ವಾರ ನೀನೇನು ಮಾಡುತ್ತಿದ್ದೆ ಎನ್ನುತ್ತಾರೆ. ಪರೀಕ್ಷೆ ಮುಗಿಯಲು ಉಳಿದಿದ್ದು ಇದೊಂದೇ ದಿನ. ಒಂದು ದಿನ ಹೇಗೋ ತಳ್ಳಿದರಾಯಿತು ಎಂದುಕೊಂಡು ಅವಳು ಡೈರಿ ಮುಚ್ಚಿ ಬಸ್ಸಿಳಿದಳು.

ಲಾಂಡ್ರಿಯೊಳಗೆ ಕಾಲಿಟ್ಟಾಗ ಯಂತ್ರಗಳು ನಿಂತಿದ್ದವು. ಅಷ್ಟು ನಿಶ್ಶಬ್ದವನ್ನು ಅವಳು ಅಲ್ಲಿ ಕಂಡಿರಲಿಲ್ಲ. ದೀಪದ ಮೇಜಿನ ಪಕ್ಕ ಮ್ಯಾನೇಜರಮ್ಮ ನಿಂತಿದ್ದರು. ಗಡಿಯಾರದ ತಾಯಿಯನ್ನೂ ಕರೆಸಿದ್ದರು. ಆಕೆ ಮನೆಯಲ್ಲಿ ಬಟ್ಟೆ ಹೊಲಿದುಕೊಡುವವರು, ಅವಸರದಲ್ಲಿ ಬಂದಿದ್ದರಿಂದ ತೋಳಿಗೆ ನೂಲಿನ ಎಳೆ ಅಂಟಿಕೊಂಡೇ ಇತ್ತು. ಗಡಿಯಾರ ತನ್ನ ಜಾಗದಲ್ಲಿ ನಿಂತು ಶುರುಮಾಡುವ ಹೊತ್ತಿಗೆ ಕಾಯುತ್ತಿದ್ದಳು.

ಮ್ಯಾನೇಜರಮ್ಮ ಒಂದು ಗಂಟನ್ನು ಮೇಜಿನ ಮೇಲೆ ಬಿಚ್ಚಿದರು. "ಆಸ್ಪತ್ರೆಯಿಂದ ವಾಪಸ್ ಬಂದಿದೆ. ಹನ್ನೊಂದು. ಹಾಸಿ ರೋಗಿಯನ್ನ ಮಲಗಿಸಿದ್ರೆ ಸಾಕು, ನಡುವೆ ಪರ್ರ್ ಅಂತ ಹೋಗಿವೆ. ಎಲ್ಲ ಈ ಮೇಜಿನಿಂದಲೇ ಹೋದವು, ಚೀಟಿ ನೋಡಿದೀನಿ." ಆಕೆ ಗಡಿಯಾರದ ತಾಯಿಯ ಕಡೆ ತಿರುಗಿದರು. "ನಾನೇನು ಕಲ್ಲು ಮನಸ್ಸಿನವಳಲ್ಲಮ್ಮ. ನಿಮ್ಮ ಮಗಳು ಒಂದು ದಿನ ತಡ ಮಾಡಿಲ್ಲ, ಒಂದು ದಿನ ರಜ ಹಾಕಿಲ್ಲ. ಆದ್ರೆ ನೋಡೋ ಕೆಲಸದಲ್ಲಿರೋಳಿಗೆ ಹರಿಯೋ ಬಟ್ಟೆ ಕಾಣದಿದ್ರೆ ಹೇಗೆ ಇಟ್ಕೊಳ್ಳಲಿ, ನೀವೇ ಹೇಳಿ."

"ಕಾಣದೆ ಏನು ಅಮ್ಮ," ತಾಯಿ ಮೆಲ್ಲಗೆ ಅಂದರು. "ನಡೆಯೋಕೆ ಕಲಿತಾಗಿನಿಂದ ನನ್ನ ಮೆಷಿನ್ ಪಕ್ಕ ಕೂತು ತುಂಡುಬಟ್ಟೆ ಆರಿಸಿಕೊಟ್ಟವಳು. ಯಾವುದು ಸೂಜಿ ತಡೆಯುತ್ತೆ, ಯಾವುದು ತಡೆಯಲ್ಲ ಅಂತ ನನಗಿಂತ ಮೊದಲು ಅವಳೇ ಹೇಳ್ತಾಳೆ. ಬೇಕಾದ್ರೆ ನಿಮ್ಮೆದುರಿಗೇ ನೋಡಿಸಿ."

ಆರು ವಾರದಲ್ಲಿ ಜೊತೆಗಾತಿ ಗಡಿಯಾರದ ವಯಸ್ಸು ಬರೆದುಕೊಂಡಿದ್ದಳು, ಔಷಧ ಬರೆದುಕೊಂಡಿದ್ದಳು, ಬಸ್ಸಿನ ನಂಬರು ಬರೆದುಕೊಂಡಿದ್ದಳು. ಮನೆಯಲ್ಲಿ ನೀನೇನು ಮಾಡುತ್ತೀಯ ಎಂದು ಒಂದು ಮಾತು ಕೇಳಿರಲಿಲ್ಲ.

"ಸರಿ, ಹತ್ತು ನೋಡಲಿ" ಎಂದರು ಮ್ಯಾನೇಜರಮ್ಮ. ಇಸ್ತ್ರಿಯಣ್ಣ ಗಾಡಿಯಿಂದ ಹತ್ತು ಬೆಡ್‌ಶೀಟ್ ಎಳೆದು ತಂದ. ಗಡಿಯಾರ ಮೊದಲನೆಯದನ್ನು ಹರಡಿದಳು, ಅಂಗೈಯಿಂದ ಒಮ್ಮೆ ಸವರಿದಳು. ತಲೆ ಎತ್ತಿ ಜೊತೆಗಾತಿಯ ಮುಖ ನೋಡಿದಳು.

ಎಲ್ಲರ ಕಣ್ಣೂ ಅವಳ ಕಣ್ಣಿನ ಜಾಡು ಹಿಡಿದು ಬಂದು ಜೊತೆಗಾತಿಯ ಮೇಲೆ ನಿಂತವು. ಈಗ ಒಂದು ಹುಬ್ಬು ಏರಿಸಿದರೆ ಸಾಕಿತ್ತು, ಹತ್ತೂ ಸಲೀಸಾಗಿ ಮುಗಿಯುತ್ತಿದ್ದವು. ಜೊತೆಗಾತಿ ಮೇಜಿಗೆ ಬೆನ್ನು ಮಾಡಿ, ಒಗೆಯುವ ಯಂತ್ರದ ಗಾಜಿನ ಬಾಗಿಲಿಗೆ ಮುಖ ಕೊಟ್ಟು ನಿಂತುಬಿಟ್ಟಳು. ಒಳಗೆ ನೆನೆದ ಬಟ್ಟೆಯ ಮುದ್ದೆ ಬಿದ್ದಿತ್ತು. ಅವಳಿಗೆ ಕೇಳಿಸುತ್ತಿದ್ದದ್ದು ಎಲ್ಲಿಂದಲೋ ತೊಟ್ಟಿಕ್ಕುವ ನೀರು ಮಾತ್ರ. ಹಿಂದೆ ಬಟ್ಟೆಯ ಸದ್ದೇ ಇಲ್ಲ. ಯಾರೋ ಕೆಮ್ಮಿದರು. "ಆಗಲ್ಲ ಅನ್ಸುತ್ತೆ" ಎಂದರು ಮ್ಯಾನೇಜರಮ್ಮ, ಬೇಸರದಿಂದಲೇ.

"ಸ್ವಲ್ಪ ತಡೀರಿ ಅಮ್ಮ" ಎಂದ ಇಸ್ತ್ರಿಯಣ್ಣ. "ಗಡಿಯಾರಕ್ಕೆ ಕೀ ಕೊಡೋಕೂ ಒಂದು ನಿಮಿಷ ಬೇಕಲ್ವಾ."

ಆಗ ಸದ್ದು ಶುರುವಾಯಿತು. ಸರ್ರನೆ ಅಂಗೈಯ ಸದ್ದು. ಅದು ನಿಂತ ಮೇಲೆ ಅದಕ್ಕಿಂತ ಮೆದುವಾದ ಇನ್ನೊಂದು. ಮೂರು ವಾರದಿಂದ ಕೇಳಿಸದಿದ್ದ ಸದ್ದು, ಬೆರಳುಗಳ ಬೆನ್ನಿನದು. ಜೊತೆಗಾತಿ ತಿರುಗಲಿಲ್ಲ. ಒಂದಾಯಿತು, ಎರಡಾಯಿತು, ಐದಾಯಿತು. ಬಟ್ಟೆ ಹರಡುವ ಗಾಳಿ ಅವಳ ಕುತ್ತಿಗೆಗೆ ತಾಕುತ್ತಿತ್ತು. ಆರನೆಯದಕ್ಕೆ ಎರಡನೇ ಸವರು ಅರ್ಧದಲ್ಲೇ ನಿಂತಿತು, ಹಿಂದಕ್ಕೆ ಬಂದಿತು, ಮತ್ತೆ ಅಲ್ಲಿಗೇ ಹೋಯಿತು.

"ಇದನ್ಯಾಕಮ್ಮ ಕೆಂಪು ಬುಟ್ಟಿಗೆ ಹಾಕಿದೆ?" ಮ್ಯಾನೇಜರಮ್ಮನ ದನಿ. "ಹಾಲಿನ ಹಾಗಿದೆಯಲ್ಲ, ಒಂದು ಚುಕ್ಕೆಯಿಲ್ಲ, ಒಂದು ತೂತಿಲ್ಲ."

"ಸೋತಿದೆ" ಎಂದಳು ಗಡಿಯಾರ.

"ಏನು ಸೋತಿದೆ?"

"ಬಟ್ಟೆ. ನಡುವೆ. ತಣ್ಣಗಿದೆ."

ಇಸ್ತ್ರಿಯಣ್ಣ ಅದನ್ನು ಎತ್ತಿಕೊಂಡು, ಅವಳು ತೋರಿಸಿದ ಜಾಗಕ್ಕೆ ಹೆಬ್ಬೆರಳು ಒತ್ತಿದ. ಹೆಚ್ಚು ಬಲ ಹಾಕಲಿಲ್ಲ, ಮಾಗಿದ ಹಣ್ಣು ಒತ್ತಿ ನೋಡುವಷ್ಟೇ. ಪರ್ರ್ ಎಂದಿತು. ಜೊತೆಗಾತಿ ಈಗ ತಿರುಗಿದಳು. ಬೆಳ್ಳಗಿನ ಬಟ್ಟೆಯ ನಡುವಿನಿಂದ ಇಸ್ತ್ರಿಯಣ್ಣನ ಹೆಬ್ಬೆರಳು ಹೊರಗೆ ಬಂದಿತ್ತು, ಅವನು ಅದನ್ನು ಬೇರೆ ಯಾರದೋ ಬೆರಳೆಂಬಂತೆ ನೋಡುತ್ತಿದ್ದ.

"ಇಪ್ಪತ್ತು ವರ್ಷದಿಂದ ಇಸ್ತ್ರಿ ಹಾಕ್ತಿದೀನಿ," ಎಂದ ಅವನು, ಆ ದಿನದ ಮೊದಲ ಗಂಭೀರ ಮಾತು. "ನನ್ನ ಕೈಗೆ ಇದು ಸಿಗ್ತಿರಲಿಲ್ಲ."

ಮ್ಯಾನೇಜರಮ್ಮ ಬೆಡ್‌ಶೀಟ್ ತೆಗೆದುಕೊಂಡು ದೀಪಕ್ಕೆ ಹಿಡಿದರು. ನೂಲು ಅಲ್ಲಿ ಸವೆದು ಜರಡಿಯಂತಾಗಿತ್ತು. ಬಹಳ ಹೊತ್ತು ನೋಡಿದರು. ಮುಖದ ಬೇಸರ ಕರಗಿತು, ಆದರೆ ಅದರ ಜಾಗದಲ್ಲಿ ಬಂದದ್ದು ಸಿಟ್ಟು.

"ಅಂದ್ರೆ ನಿನಗೆ ಗೊತ್ತಾಗುತ್ತೆ. ಗೊತ್ತಿದ್ದೂ ಆ ಹನ್ನೊಂದನ್ನ ಕಳಿಸಿದೆಯಾ? ಗೊತ್ತಾಗದೆ ಕಳಿಸಿದ್ರೆ ಪಾಪ ಅಂತಿದ್ದೆ. ಗೊತ್ತಿದ್ದೂ ಕಳಿಸಿದವಳನ್ನ ನಾನು ಇಟ್ಕೊಳ್ಳಲ್ಲ. ಯಾಕೆ ಕಳಿಸಿದೆ, ಹೇಳು."

ಗಡಿಯಾರ ಕೈಗಳನ್ನು ಮೇಜಿನ ಮೇಲೆ ಊರಿ ನಿಂತಿದ್ದಳು. ಈ ಸಲ ಅವಳು ಜೊತೆಗಾತಿಯ ಕಡೆ ನೋಡಲಿಲ್ಲ. ಅಪ್ಪಿತಪ್ಪಿಯೂ ನೋಡಬಾರದೆಂದು ಕತ್ತನ್ನು ಬಿಗಿಹಿಡಿದಂತಿತ್ತು.

"ಹೇಳಲ್ಲ" ಎಂದಳು.

"ಹೇಳೇ ಮಗಳೇ," ತಾಯಿ ತೋಳು ಹಿಡಿದರು. "ಕೆಲಸ ಹೋಗುತ್ತೆ ಕಣೇ. ಯಾಕೆ ಹಾಗೆ ಮಾಡಿದೆ, ಅಷ್ಟು ಹೇಳಿಬಿಡು."

"ಹೇಳಲ್ಲ ಅಂದೆನಲ್ಲಮ್ಮ."

ಆರು ವಾರ ಯಾರಿಗೆ ತಾನು ದಾರಿ ತೋರಿಸುತ್ತಿದ್ದೇನೆ ಎಂದುಕೊಂಡಿದ್ದಳೋ, ಆ ಹುಡುಗಿಯನ್ನು ಜೊತೆಗಾತಿ ಆ ಹೊತ್ತಿನಲ್ಲಿ ಮೊದಲ ಸಲ ನೋಡಿದಂತೆ ನೋಡಿದಳು. ಕೆಂಪು ಬುಟ್ಟಿಯಿಂದ ಬಟ್ಟೆ ತೆಗೆಯುವಾಗಲೆಲ್ಲ ಒಂದು ಕ್ಷಣ ಕೈಯಲ್ಲೇ ಹಿಡಿದುಕೊಂಡು ನಿಲ್ಲುತ್ತಿದ್ದಳಲ್ಲ, ಅದು ಮಂದಬುದ್ಧಿಯ ತಡವಲ್ಲ. ತನಗೆ ಗೊತ್ತಿರುವುದನ್ನು ಜೊತೆಗಾತಿಯ ಕಣ್ಸನ್ನೆಗಾಗಿ ಕೆಳಗಿಡುತ್ತಿದ್ದ ಹೊತ್ತು ಅದು. ಈಗ ಅದೇ ಜೊತೆಗಾತಿಯ ಮಾನ ಉಳಿಸಲು ಕೈಯಲ್ಲಿರುವ ಕೆಲಸವನ್ನೇ ಕೆಳಗಿಡಲು ಹೊರಟಿದ್ದಾಳೆ. ಇಷ್ಟು ಬೇಗ, ಇಷ್ಟು ನೆಟ್ಟಗೆ ನಿರ್ಧಾರ ಮಾಡಲು ತನ್ನಿಂದ ಜನ್ಮದಲ್ಲಿ ಆಗಿರಲಿಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಬರೆಯ ಕಬ್ಬಿಣ ಕಾದು ಕೆಂಪಾಗಿದೆ, ಎತ್ತು ಒಗೆಯುವ ಯಂತ್ರಕ್ಕೆ ಬೆನ್ನು ಕೊಟ್ಟು ಸುಮ್ಮನೆ ನಿಂತಿದೆ.

ಮ್ಯಾನೇಜರಮ್ಮ ಉಸಿರು ಬಿಟ್ಟು, ಗಡಿಯಾರದ ಹಾಜರಿ ಪುಸ್ತಕಕ್ಕೆ ಕೈ ಚಾಚಿದರು. ಜೊತೆಗಾತಿಯ ಗಂಟಲಲ್ಲಿ ಮಾತು ಎಂದಿನಂತೆ ಒಂದು ಸುತ್ತು ತಿರುಗಿತು. ಕೈ ತಾನಾಗಿಯೇ ಚೀಲದಲ್ಲಿದ್ದ ಡೈರಿಯ ಕಡೆ ಹೋಯಿತು. ಬರೆದು ಕೊಟ್ಟರೆ? ನಾಳೆ ದೊಡ್ಡ ಟೀಚರ್ ಮೂಲಕ ಹೇಳಿಸಿದರೆ? ಅವಳು ಕೈ ಹೊರಗೆ ತೆಗೆದಳು. ಎರಡು ಹೆಜ್ಜೆ ನಡೆದು, ಮೊದಲ ವಾರ ನಿಲ್ಲುತ್ತಿದ್ದ ಹಾಗೆ ಗಡಿಯಾರದ ಪಕ್ಕದಲ್ಲಿ ನಿಂತಳು. ಎಲ್ಲರ ಮುಖ ನೋಡಿ ಮಾತಾಡಲು ಆಗದೆ ಮ್ಯಾನೇಜರಮ್ಮನ ಅಂಗಿಯ ಗುಂಡಿ ನೋಡುತ್ತಲೇ ಬಾಯಿ ತೆರೆದಳು. ದನಿ ಒಡೆದು ಬಂದಿತು, ಆದರೆ ಆ ಮೂಲೆಯಲ್ಲಿ ಗಾಡಿ ಹಿಡಿದು ನಿಂತವರಿಗೂ ಕೇಳುವಷ್ಟು ಬಂದಿತು.

"ತಪ್ಪು ನನ್ನದು. ಸೋತ ಬಟ್ಟೆಯನ್ನ ಅವಳು ಕೆಂಪು ಬುಟ್ಟಿಗೇ ಹಾಕ್ತಿದ್ದಳು, ನಾನು ಕಣ್ಸನ್ನೆ ಮಾಡಿ ಮಾಡಿ ತೆಗೆಸಿದೆ, ಎರಡನೇ ಸಲ ಸವರೋದನ್ನೂ ಬಿಡಿಸಿದೆ. ಬಟ್ಟೆ ನೋಡೋಕೆ ಬರೋದು ಅವಳಿಗೆ, ನನಗಲ್ಲ."