ಕೆಂಪಿಗೆ ಗಂಡು ನೋಡಿದ್ದು

೨೦೨೬ರ ಮಾರ್ಚ್ ಹನ್ನೆರಡು, ಗುರುವಾರ, ಬೆಳಿಗ್ಗೆ ಆರು ಇಪ್ಪತ್ತಕ್ಕೆ ನಾನು ಕೆಂಪಿಯ ಕತ್ತಿನಿಂದ ಕೂದಲು ಕಿತ್ತೆ. ಕತ್ತರಿಸಿದರೆ ಆಗುವುದಿಲ್ಲ. ಪರೀಕ್ಷೆಗೆ ಬೇಕಾದದ್ದು ಕೂದಲಲ್ಲ, ಅದರ ಬುಡಕ್ಕೆ ಅಂಟಿಕೊಂಡು ಬರುವ, ಸಾಸಿವೆಯಷ್ಟೂ ಇಲ್ಲದ ಬಿಳಿ ಗಂಟು. ಎಳೆಗಳನ್ನು ಬೆರಳಿಗೆ ಸುತ್ತಿಕೊಂಡು ಒಂದೇ ಸಲಕ್ಕೆ ಎಳೆಯಬೇಕು. ಕೆಂಪಿ ತಲೆ ಎತ್ತಿ ಒಂದು ಹೆಜ್ಜೆ ಹಿಂದಕ್ಕೆ ಹೋಯಿತು. ಆಮೇಲೆ ಮತ್ತೆ ಹುಲ್ಲಿಗೆ ಬಾಯಿ ಹಾಕಿತು.

ಇದನ್ನು ತಮ್ಮ ಮಾಡಬೇಕಿತ್ತು. ಕುದುರೆ ಅವನದು. ಜನವರಿಯಲ್ಲಿ ಅವನು ನನ್ನ ಪ್ರಯೋಗಾಲಯಕ್ಕೆ ಒಂದು ಲಕೋಟೆ ಕಳಿಸಿದ್ದ. ಒಳಗೆ ಕತ್ತರಿಯಲ್ಲಿ ನೀಟಾಗಿ ಕತ್ತರಿಸಿ, ದಾರ ಕಟ್ಟಿದ ಕೆಂಪು ಕೂದಲಿನ ಗೊಂಚಲು. ಬುಡವಿಲ್ಲದೆ ಏನೂ ಗೊತ್ತಾಗುವುದಿಲ್ಲ ಎಂದು ಫೋನ್ ಮಾಡಿ ಹೇಳಿದೆ.

"ಕಿತ್ರೆ ನೋಯುತ್ತೆ ಅಕ್ಕ ಅದಕ್ಕೆ," ಎಂದ. "ಕ್ಷೌರದಂಗಡಿಯೋರದ್ದೂ ನಿಂದೂ ಒಂದೇ ಕಸುಬು, ಸಂಬಳ ಒಂದು ಜಾಸ್ತಿ. ಅವ್ರು ಯಾರಾದ್ರೂ ಬುಡ ಕೇಳ್ತಾರಾ?"

"ಮತ್ತೆ ಕಳ್ಸು."

"ಆಯ್ತು ತಾಯಿ, ಕಳಿಸ್ತೀನಿ."

ಕಳಿಸಲಿಲ್ಲ. ಫೆಬ್ರವರಿಯಲ್ಲಿ ಹುಲ್ಲು ತರಲು ಹೋದಾಗ ಅವನ ವ್ಯಾನು ತಿರುವಿನಲ್ಲಿ ಮಗುಚಿತು. ಆಸ್ಪತ್ರೆಯಲ್ಲಿ ಒಂದು ಹಗಲು, ಒಂದು ರಾತ್ರಿ ಇದ್ದ. ಅಷ್ಟು ಹೊತ್ತೂ ಅಮ್ಮ ಹಾಸಿಗೆಯ ಪಕ್ಕ ಕೂತಿದ್ದಳು. ನನಗೆ ಆಗಲೂ ಅಳು ಬರಲಿಲ್ಲ, ಆಮೇಲೂ ಬರಲಿಲ್ಲ. ಬರಲಿಲ್ಲ ಎನ್ನುವುದನ್ನು ಗಮನಿಸಿಕೊಂಡೆ, ಅಷ್ಟೆ.

ಅವನು ಹೋಗುವ ಮೊದಲು ಕೆಂಪಿಗೆ ಗಂಡು ಗೊತ್ತು ಮಾಡಿಟ್ಟಿದ್ದ. ಊರಾಚೆ ಬೀಜದ ಕುದುರೆಗಳನ್ನು ಸಾಕುವವರೊಬ್ಬರಿದ್ದಾರೆ. ಅವರ ಮೀಸೆಯ ದೆಸೆಯಿಂದ ಎಲ್ಲರೂ ಅವರನ್ನು ಮೀಸೆ ಎಂದೇ ಕರೆಯುತ್ತಾರೆ. ಅವರ ಲಾಯದಲ್ಲಿ ಮೋಡ ಎಂಬ ಗಂಡು ಕುದುರೆ ಇದೆ. ಮೈ ಕೆಂಪು, ಎರಡೂ ಪಕ್ಕೆಗಳ ಮೇಲೆ ಅಂಚು ಹರಿದ ದೊಡ್ಡ ಬಿಳಿ ಮಚ್ಚೆಗಳು. ಅಂಥದ್ದೇ ಮರಿ ಬೇಕೆಂದು ತಮ್ಮ ಮೀಸೆಯವರ ಕೈ ಹಿಡಿದು ಮಾತು ಕೊಟ್ಟು ಬಂದಿದ್ದ. ಕೆಂಪಿಗೆ ವಯಸ್ಸಾಗಿದೆ. ಈ ವರ್ಷ ಬಿಟ್ಟರೆ ಇನ್ನು ಮರಿ ಬೇಡ ಎಂದು ಪಶುವೈದ್ಯೆ ಹೇಳಿಬಿಟ್ಟಿದ್ದರು. ಅವನು ಮಾಡಿಟ್ಟುಹೋದ ಕೆಲಸ ಅದೊಂದೇ, ಅದನ್ನು ಮುಗಿಸಬೇಕು ಎಂದು ಅಪ್ಪ ಹೊರಟಿದ್ದರು. ನಾನು ಪರೀಕ್ಷೆ ಆಗಲಿ ಎಂದೆ. ಮೀಸೆಯವರಿಂದ ಮೋಡನ ಕೂದಲನ್ನೂ ತರಿಸಿಕೊಂಡೆ.

ಕೆಂಪಿಯ ಮೈಮೇಲೆ ಮಚ್ಚೆಯಿಲ್ಲ. ಹಣೆಯಿಂದ ಮೂಗಿನವರೆಗೆ ಒಂದು ಬಿಳಿ ಪಟ್ಟೆ, ಅಷ್ಟೇ. ಆದರೆ ಮೋಡನಲ್ಲಿ ಮಚ್ಚೆ ಮೂಡಿಸಿದ ಜೀನ್ ಕೆಂಪಿಯಲ್ಲೂ ಇತ್ತು. ಇಬ್ಬರಲ್ಲೂ ಒಂದೊಂದು ಪ್ರತಿ. ಒಂದು ಪ್ರತಿ ಇದ್ದರೆ ಚೆಂದ, ಅಥವಾ ಏನೂ ಕಾಣದು. ಮರಿಗೆ ಎರಡೂ ಕಡೆಯಿಂದ ಬಂದು ಎರಡಾದರೆ ಅದು ಅಚ್ಚ ಬಿಳಿಯಾಗಿ ಹುಟ್ಟುತ್ತದೆ. ಕೂದಲಿಗೆ ಬಣ್ಣ ಕೊಡುವ ಕೋಶಗಳೂ ಕರುಳನ್ನು ನಡೆಸುವ ನರಗಳೂ ಭ್ರೂಣದಲ್ಲಿ ಒಂದೇ ಜಾಗದಿಂದ ಹೊರಡುತ್ತವೆ. ಇಂಥ ಮರಿಯಲ್ಲಿ ಅವೆರಡೂ ಸೇರಬೇಕಾದ ಊರು ಮುಟ್ಟುವುದಿಲ್ಲ.

ಶನಿವಾರ ಮಧ್ಯಾಹ್ನ ಅಡುಗೆಮನೆಯಲ್ಲಿ ಇಬ್ಬರಿಗೂ ಹೇಳಿದೆ. ಅಪ್ಪ ನೀರಿನ ಲೋಟವನ್ನು ಮೇಜಿನ ಮೇಲೆ ಅತ್ತ ಇತ್ತ ಸರಿಸುತ್ತಿದ್ದರು. ಅಮ್ಮ ತೊಳೆದ ತಟ್ಟೆಗಳನ್ನು ಒರೆಸುತ್ತಿದ್ದಳು.

"ನಾಲ್ಕರಲ್ಲಿ ಒಂದು ಅಂದ್ರೆ," ಎಂದರು ಅಪ್ಪ, "ಮಿಕ್ಕಿದ್ದು ಮೂರು ಚೆನ್ನಾಗಿರುತ್ತೆ ತಾನೇ ಪುಟ್ಟಿ?"

"ಚೆನ್ನಾಗಿರುತ್ತೆ."

"ಅವನು ಮಾತು ಕೊಟ್ಟಿದ್ದಾನೆ."

"ಗೊತ್ತಿಲ್ದೆ ಕೊಟ್ಟಿದ್ದು ಅಪ್ಪ."

"ಗೊತ್ತಿದ್ದು ಕೊಡೋದು ವ್ಯಾಪಾರ. ಅವನು ಕೊಟ್ಟಿದ್ದು ಮಾತು. ಇನ್ನು ಅವನು ಬಂದು ಬದಲಾಯಿಸ್ತಾನಾ?"

ನನ್ನಲ್ಲಿದ್ದದ್ದು ಅಂಕಿ, ಅದನ್ನು ಆಗಲೇ ಹೇಳಿಯಾಗಿತ್ತು.

ಅಮ್ಮ ತಟ್ಟೆ ಒರೆಸುತ್ತಲೇ ಕೇಳಿದಳು. "ಆ ಬಿಳಿ ಮರಿ ಹುಟ್ಟುವಾಗಲೇ ಸತ್ತಿರುತ್ತಾ?"

"ಇಲ್ಲ ಅಮ್ಮ. ಎಲ್ಲಾ ಮರಿ ಥರಾನೇ ಹುಟ್ಟುತ್ತೆ."

"ಎದ್ದು ನಿಲ್ಲುತ್ತಾ?"

"ನಿಲ್ಲುತ್ತೆ. ಹಾಲೂ ಕುಡಿಯುತ್ತೆ. ಕುಡಿದಿದ್ದು ಮುಂದಕ್ಕೆ ಹೋಗಲ್ಲ. ಹೊಟ್ಟೆ ಉಬ್ಬಿ ನೋವು ಶುರುವಾಗುತ್ತೆ."

"ಎಷ್ಟು ಹೊತ್ತು ಇರುತ್ತೆ?"

"ಒಂದು ದಿನ. ಕೆಲವು ಸಲ ಸ್ವಲ್ಪ ಹೆಚ್ಚು. ಡಾಕ್ಟರು ಬಂದು ಬೇಗ ಮುಗಿಸಬಹುದು."

ಅಮ್ಮ ಒರೆಸಿದ ತಟ್ಟೆಯನ್ನು ಮತ್ತೊಮ್ಮೆ ಒರೆಸಿದಳು. "ಕೆಂಪಿ ಪಕ್ಕದಲ್ಲೇ ನಿಂತಿರುತ್ತೆ," ಎಂದಳು. ಅದು ಪ್ರಶ್ನೆಯಾಗಿರಲಿಲ್ಲ. ತಟ್ಟೆಯನ್ನು ಗೂಡಿನಲ್ಲಿಟ್ಟು, "ಬೇಡ ರೀ," ಎಂದಳು.

ಅಪ್ಪ ಲೋಟ ಸರಿಸುವುದನ್ನು ನಿಲ್ಲಿಸಿದರು.

ಅಮ್ಮ ಒರೆಸುವ ಬಟ್ಟೆ ಹಿಂಡಿ ಹಾಕಿ ನನ್ನನ್ನು ಕೇಳಿದಳು. "ಅವನು ಕಳಿಸಿದ್ದ ಗೊಂಚಲು ಏನಾಯ್ತು?"

"ನನ್ನ ಡ್ರಾಯರಲ್ಲಿದೆ. ಅದು ಪರೀಕ್ಷೆಗೆ ಬರಲ್ಲ."

"ಇರ್ಲಿ."

ಭಾನುವಾರ ಅಪ್ಪನೂ ನಾನೂ ಮೀಸೆಯವರಲ್ಲಿಗೆ ಹೋದೆವು. ಮೋಡ ಆಗಷ್ಟೇ ಮೈ ತೊಳೆಸಿಕೊಂಡು ಕಟಕಟೆಯ ಮೇಲೆ ತಲೆ ಇಟ್ಟು ನಿಂತಿತ್ತು. ಅಪ್ಪ ಅದರ ಪಕ್ಕೆಯ ಮಚ್ಚೆಯ ಮೇಲೆ ಅಂಗೈ ಊರಿ ನಿಂತರು. ನಾನು ವಿಷಯ ಹೇಳಿದೆ.

"ಡಾಕ್ಟರಮ್ಮ," ಎಂದರು ಮೀಸೆ. ನಾನು ಡಾಕ್ಟರಲ್ಲ ಎಂದು ಅವರಿಗೆ ಗೊತ್ತು. "ನಾಲ್ಕರಲ್ಲಿ ಮೂರು ಸಲ ಗೆಲ್ಲೋ ಜೂಜು ಎಲ್ಲಾದ್ರೂ ಇದ್ರೆ ಹೇಳಿ, ನಾನು ಮೀಸೆ ಅಡ ಇಟ್ಟು ಆಡ್ತೀನಿ."

"ಮೀಸೆ ಮತ್ತೆ ಬೆಳೆಯುತ್ತೆ," ಎಂದರು ಅಪ್ಪ.

ಮೀಸೆ ನಕ್ಕರು. ಅಪ್ಪ ನಗಲಿಲ್ಲ ಎಂದು ಕಂಡು ನಿಲ್ಲಿಸಿದರು. ಅಪ್ಪ ಮಚ್ಚೆಯ ಮೇಲಿಂದ ಕೈ ತೆಗೆದು, "ನನ್ನ ಮಗ ಕೊಟ್ಟ ಮಾತನ್ನ ನಾನು ವಾಪಸ್ ತಗೊಳ್ತಾ ಇದೀನಿ," ಎಂದರು. ಪ್ರತಿ ಪದದ ನಡುವೆಯೂ ಜಾಗವಿತ್ತು. "ಬೇಜಾರು ಮಾಡ್ಕೋಬೇಡಿ."

"ಛೇ, ಬಿಡಿ ಅಣ್ಣ." ಮೀಸೆಯವರು ನೆಲ ನೋಡಿದರು. "ಕೆಂಪಿಗೆ ಬೇರೆ ಯಾರನ್ನ ಬಿಡ್ತೀರಿ? ಆ ಕೊನೇಲಿ ನಿಂತಿದಾನಲ್ಲ, ಅವನ ಹೆಸರೇ ಮಾಮೂಲಿ. ಕಾಲು ಗಟ್ಟಿ, ಬುದ್ಧಿ ತಣ್ಣಗೆ. ಮೈಮೇಲೆ ಒಂದು ಚುಕ್ಕೆ ಇಲ್ಲ ಅಂತ ಯಾರೂ ಕೇಳಲ್ಲ ಪಾಪ."

ಮಾಮೂಲಿಯ ಮೈ ಇಟ್ಟಿಗೆಯಂತೆ ಕೆಂಪಾಗಿತ್ತು, ಗೊರಸಿನಿಂದ ಕಿವಿಯವರೆಗೆ ಒಂದೇ ಬಣ್ಣ. ನಾನು ಅದರ ಕತ್ತಿನ ಕೂದಲನ್ನು ಬೆರಳಿಗೆ ಸುತ್ತಿದೆ.

"ಚುಕ್ಕೇನೇ ಇಲ್ವಲ್ಲ, ಇವನಿಗೂ ಬೇಕಾ?" ಎಂದರು ಮೀಸೆ.

"ಕೆಂಪಿಗೂ ಇರಲಿಲ್ಲ," ಎಂದು ಎಳೆದೆ.

ಮಾಮೂಲಿಯಲ್ಲಿ ಆ ಜೀನ್ ಇರಲಿಲ್ಲ. ಬಿಳಿ ಮರಿ ಹುಟ್ಟುವುದು ಸಾಧ್ಯವಿಲ್ಲ ಎಂದು ಮನೆಗೆ ಫೋನ್ ಮಾಡಿದೆ.

"ಹಾಗಾದ್ರೆ ಮಚ್ಚೆ ಬರೋದೇ ಇಲ್ಲ," ಎಂದರು ಅಪ್ಪ.

"ಹಾಗೇನಿಲ್ಲ. ಕೆಂಪಿ ಕಡೆಯಿಂದ ಬರಬಹುದು, ಅರ್ಧಕ್ಕರ್ಧ. ಬಂದ್ರೂ ಮೈಮೇಲೆ ಕಾಣಬಹುದು, ಕಾಣದೇ ಇರಬಹುದು."

"ಅಂದ್ರೆ ಹುಟ್ಟಿದ ಮೇಲೇ ಗೊತ್ತಾಗೋದು."

"ಹೌದು."

"ಸರಿ," ಎಂದರು.

ಏಪ್ರಿಲ್ ಎರಡನೇ ವಾರ ಅಪ್ಪ ಕೆಂಪಿಯನ್ನು ಮಾಮೂಲಿಯ ಹತ್ತಿರ ಕರೆದೊಯ್ದರು. ಕೊನೆಯ ವಾರ ಪಶುವೈದ್ಯೆ ಸ್ಕ್ಯಾನ್ ಯಂತ್ರ ಹೊತ್ತು ಬಂದರು. ಅಪ್ಪ ಕೆಂಪಿಯ ಲಗಾಮು ಹಿಡಿದು ನಿಂತಿದ್ದರು. ಅಮ್ಮ ಎರಡೂವರೆ ತಿಂಗಳಿನಿಂದ ಲಾಯದ ಕಡೆ ಬಂದಿರಲಿಲ್ಲ. ಈಗ ಬಾಗಿಲ ಹತ್ತಿರ, ಹೊರಗೂ ಅಲ್ಲ ಒಳಗೂ ಅಲ್ಲ ಎಂಬಂತೆ ನಿಂತಿದ್ದಳು. ತಮ್ಮನ ರಬ್ಬರ್ ಬೂಟುಗಳು ಅವಳ ಕಾಲ ಪಕ್ಕದಲ್ಲೇ ಇದ್ದವು. ಯಾರೂ ತೆಗೆದಿರಲಿಲ್ಲ.

ಪರದೆಯ ಮೇಲೆ ಬೂದು ಮಬ್ಬು ಅಲುಗಾಡಿ, ಆಮೇಲೆ ನಿಂತಿತು. ನಡುವೆ ಒಂದು ಕಪ್ಪು ಗುಂಡು.

"ಅದೇನಾ?" ಎಂದಳು ಅಮ್ಮ.

"ಅದೇ," ಎಂದರು ಪಶುವೈದ್ಯೆ. "ಗರ್ಭ ಕಚ್ಕೊಂಡಿದೆ."

"ಕಪ್ಪಗಿದೆಯಲ್ಲ."

"ಈ ಯಂತ್ರದಲ್ಲಿ ನೀರೆಲ್ಲಾ ಕಪ್ಪಗೇ ಕಾಣೋದು ಅಮ್ಮ," ಎಂದೆ. "ಬಣ್ಣ ಇದ್ರಲ್ಲಿ ಗೊತ್ತಾಗಲ್ಲ."

ಅಮ್ಮ ಎರಡು ಹೆಜ್ಜೆ ಒಳಗೆ ಬಂದು ಕೆಂಪಿಯ ಹೊಟ್ಟೆಯ ಮೇಲೆ ಕೈ ಇಟ್ಟಳು. ಪಶುವೈದ್ಯೆ ಗುಂಡಿನ ಈ ಅಂಚಿನಿಂದ ಆ ಅಂಚಿಗೆ ಗುರುತು ಹಾಕಿ ಅಳತೆ ಓದಿದರು. ಹದಿನಾರು ಮಿಲಿಮೀಟರ್.