ಲೋಕಯ್ಯಣ್ಣನ ಹೋಟೆಲಿನ ಗುಂಯ್ ಸದ್ದು

ನಮ್ಮ ಫಳ್ನೀರಿನ ಮನೆಗೆ ನೆಂಟರು ಬಂದರೆ ಅವರನ್ನು ಎಲ್ಲಿ ಕೂರಿಸುವುದು ಎಂಬುದೇ ಆ ಕಾಲದಲ್ಲಿ ನನಗೆ ದೊಡ್ಡ ತಲೆನೋವು. ಚಾವಡಿಯ ಬೆಂಚಿನ ಮೇಲೆ ಬಿಚ್ಚಿಟ್ಟ ಒಂದು ರೇಡಿಯೋ, ಕುರ್ಚಿಯ ಮೇಲೆ ಇನ್ನೊಂದು, ಕಿಟಕಿಯ ದಂಡೆಯಲ್ಲಿ ಯಾರದೋ ದುಬೈ ಟೇಪ್ ರೆಕಾರ್ಡರ್. ಒಮ್ಮೆ ನನ್ನ ದೊಡ್ಡಮ್ಮ ಬಟ್ಟೆ ಮುಚ್ಚಿದ್ದ ಸ್ಪೀಕರಿನ ಮೇಲೆ ಕೂತುಬಿಟ್ಟರು. ಸ್ಪೀಕರಿನ ಕಾಗದ ಹರಿಯಿತು, ನನಗೆ ನಗು ತಡೆಯಲಾಗಲಿಲ್ಲ, ದೊಡ್ಡಮ್ಮ ಒಂದು ವರ್ಷ ನಮ್ಮ ಮನೆಯ ಕಡೆ ತಲೆ ಹಾಕಲಿಲ್ಲ.

ಇದೆಲ್ಲ ನನ್ನ ಗಂಡ ಮಹಾಬಲ ಶೆಟ್ಟರ ಕಾರುಬಾರು. ಇವರಿಗೆ ಹಗಲು ಬಂದರಿನ ಹತ್ತಿರದ ಒಂದು ಗೇರುಬೀಜದ ಕಂಪೆನಿಯಲ್ಲಿ ಗುಮಾಸ್ತನ ಕೆಲಸ. ಸಂಜೆ ಮನೆಗೆ ಬಂದು, ಲುಂಗಿ ಸುತ್ತಿ, ಚಾ ಕುಡಿದು, ಬೆಸುಗೆಯ ಕಡ್ಡಿ ಹಿಡಿದು ಕೂತರೆಂದರೆ ಇವರಷ್ಟು ಸುಖಿ ಇಡೀ ಮಂಗಳೂರಿನಲ್ಲಿ ಇನ್ನೊಬ್ಬ ಇರಲಿಲ್ಲ. ಕೆಟ್ಟ ರೇಡಿಯೋ ಸರಿಮಾಡುತ್ತಿದ್ದರು, ಹೊಸ ಆಂಪ್ಲಿಫಯರ್ ಕಟ್ಟಿಕೊಡುತ್ತಿದ್ದರು. ಸ್ನೇಹಿತರಿಂದ ಒಂದು ಪೈಸೆ ಮುಟ್ಟುತ್ತಿರಲಿಲ್ಲ. ಊರಿನವರೆಲ್ಲ ಸ್ನೇಹಿತರೇ ಆಗಿದ್ದರಿಂದ ಯಾರಿಂದಲೂ ಮುಟ್ಟುತ್ತಿರಲಿಲ್ಲ. ಪಕ್ಕದ ಬೀದಿಯ ಮೊಯ್ದೀನಬ್ಬ ತನ್ನ ಟೇಪ್ ರೆಕಾರ್ಡರ್ ಹಾಡಿದ ಖುಷಿಗೆ ಒಂದು ಅಂಜಲ್ ಮೀನು ತಂದುಕೊಟ್ಟರೆ, ಅವನ ಚೀಲಕ್ಕೆ ಅಷ್ಟೇ ತೂಕದ ತೆಂಗಿನಕಾಯಿ ತುಂಬಿಸಿ ಕಳಿಸಿದ ಪುಣ್ಯಾತ್ಮ ಇವರು.

"ಕೂಲಿ ಬೇಡ, ನೀವು ಕೈಯಿಂದ ಹಾಕಿದ ಸಾಮಾನಿನ ದುಡ್ಡಾದ್ರೂ ಕೇಳ್ಬಾರ್ದಾ?" ಎಂದು ನಾನು ಎಷ್ಟೋ ಸಲ ಜಗಳ ತೆಗೆದಿದ್ದೆ.

"ದೋಸ್ತಿಗಳ ಹತ್ರ ಹೇಗೆ ಕೇಳುದು ಶಶಿ? ನಮ್ಮ ಮನೆಯಲ್ಲಿ ಆ ಕ್ರಮ ಇಲ್ಲ" ಎನ್ನುತ್ತಿದ್ದರು.

ನಮ್ಮ ಮನೆ ಎಂದರೆ ಮುಲ್ಕಿ ಕಡೆಯ ಇವರ ಹಿರಿಯರ ತರವಾಡು ಮನೆ. ಒಂದು ಕಾಲದಲ್ಲಿ ಅದರ ಅಂಗಳಕ್ಕೆ ಗೇಣಿಯ ಅಕ್ಕಿಮುಡಿಗಳು ಸಾಲುಸಾಲಾಗಿ ಬಂದು ಇಳಿಯುತ್ತಿದ್ದವಂತೆ. ಭೂಮಸೂದೆ ಬಂದು ಗದ್ದೆಗಳೆಲ್ಲ ಉಳುವ ಒಕ್ಕಲುಗಳ ಹೆಸರಿಗೆ ಆದವು. ಆದದ್ದು ನ್ಯಾಯವೇ, ನನಗೆ ಅದರ ಬಗ್ಗೆ ತಕರಾರಿಲ್ಲ. ಗದ್ದೆ ಹೋದರೂ ಧಣಿಗಳ ಕೊಡುವ ಗತ್ತು ಮಾತ್ರ ಇವರ ಕೈಯಲ್ಲಿ ಉಳಿದುಬಿಟ್ಟಿತ್ತು. ಗುಮಾಸ್ತನ ಸಂಬಳದಲ್ಲಿ ಆ ಗತ್ತನ್ನು ಸಾಕುವ ಕಷ್ಟ ನನ್ನ ಪಾಲಿಗೆ ಬಂದಿತ್ತು.

ಹೀಗಿರುವಾಗ ಇವರ ಅತಿ ಹಳೆಯ ಸ್ನೇಹಿತ ಲೋಕಯ್ಯಣ್ಣ ನಮ್ಮ ಮನೆಗೆ ಬರುವುದನ್ನು ನಿಲ್ಲಿಸಿದರು.

ಲೋಕಯ್ಯಣ್ಣ ಇವರ ಊರಿನವರೇ. ಅವರ ತಂದೆ ಇವರ ಮನೆಯ ಗದ್ದೆ ಮಾಡಿಕೊಂಡಿದ್ದವರು. ಹುಡುಗರಿಬ್ಬರೂ ಒಂದೇ ಶಾಲೆಯ ಒಂದೇ ಬೆಂಚಿನಲ್ಲಿ ಕೂತು, ಒಬ್ಬರ ಸ್ಲೇಟನ್ನು ಇನ್ನೊಬ್ಬರು ಒಡೆದು ದೊಡ್ಡವರಾದವರು. ಹನ್ನೆರಡು ವರ್ಷದಿಂದ ಅವರದು ಕೊಟ್ಟಾರದಲ್ಲಿ ಹೆದ್ದಾರಿಯ ಬದಿಗೆ ಒಂದು ಊಟದ ಹೋಟೆಲು. ಆದಿತ್ಯವಾರ ಸಂಜೆ ತಪ್ಪದೆ ನಮ್ಮಲ್ಲಿಗೆ ಬಂದು, ಜಗಲಿಯಲ್ಲಿ ಕೂತು, ಇವರೊಡನೆ ಎಲೆ ಅಡಿಕೆ ಜಗಿಯುತ್ತ ಲೋಕದ ಸುದ್ದಿಯನ್ನೆಲ್ಲ ಜಗಿಯುತ್ತಿದ್ದರು. ಹೆಚ್ಚಿನ ಹೊತ್ತು ಜಗಳವೇ. ಆ ಜಗಳ ಕೇಳಿಕೊಂಡು ಒಳಗೆ ನೀರುದೋಸೆ ಹೊಯ್ಯುವುದೆಂದರೆ ನನಗೂ ಒಂದು ಖುಷಿ.

ಎಂಬತ್ತಮೂರರ ಬೇಸಿಗೆಯಲ್ಲಿ ಇವರು ಲೋಕಯ್ಯಣ್ಣನ ಹೋಟೆಲಿಗೆಂದು ಒಂದು ರೇಡಿಯೋ ಕಟ್ಟಿದರು. ಸಾಗುವಾನಿಯ ಪೆಟ್ಟಿಗೆ, ಒಳಗೆ ಆಂಪ್ಲಿಫಯರ್, ಎರಡು ಕಡೆ ತಟ್ಟೆಯಷ್ಟು ದೊಡ್ಡ ಸ್ಪೀಕರು. ಊಟ ಮಾಡುವವರು ಹಾಡು ಕೇಳುತ್ತ ಇನ್ನೊಂದು ಸೌಟು ಅನ್ನ ಹಾಕಿಸಿಕೊಳ್ಳಬೇಕೆಂದು ಲೋಕಯ್ಯಣ್ಣನ ಆಸೆ. ಇವರು ಕೂಲಿಯಂತೂ ತೆಗೆದುಕೊಳ್ಳಲಿಲ್ಲ, ಪೆಟ್ಟಿಗೆಯ ಮರ ಸಹ ತಮ್ಮ ಲೆಕ್ಕದಲ್ಲೇ ತಂದರು. ಅದನ್ನು ಒಯ್ದು ಕೂರಿಸಿದ ಮೇಲೆ ಲೋಕಯ್ಯಣ್ಣ ಮೂರು ನಾಲ್ಕು ಸಲ ಬಂದಿರಬಹುದು. ಬಂದರೂ ಮೊದಲಿನ ಹಾಗೆ ಜಗಳವಿಲ್ಲ, ಇವರು ಹೇಳಿದ್ದಕ್ಕೆಲ್ಲ ಹೌದು ಹೌದು ಎಂದು ತಲೆಯಾಡಿಸುವುದು. ಮಳೆಗಾಲ ಹಿಡಿದ ಮೇಲೆ ಅದೂ ಇಲ್ಲ.

ಆದಿತ್ಯವಾರ ಇವರು ಜಗಲಿಯಲ್ಲಿ ಎರಡು ಕುರ್ಚಿ ಹಾಕಿ ಒಂದರಲ್ಲಿ ಕೂತಿರುತ್ತಿದ್ದರು. ಗೇಟಿನ ಸದ್ದಾದರೆ ಕತ್ತು ಉದ್ದ ಮಾಡುವುದು, ಹಾಲಿನವನೋ ಪೇಪರಿನವನೋ ಆದರೆ ಮತ್ತೆ ಎಲೆಗೆ ಸುಣ್ಣ ಹಚ್ಚುವುದು. ಬೆಸುಗೆಯ ಕಡ್ಡಿ ಹಿಡಿದರೂ ಮುಖದಲ್ಲಿ ಮೊದಲಿನ ಕಳೆಯಿಲ್ಲ. "ಅವನಿಗೆ ನನ್ನಿಂದ ಎಂತಾದ್ರೂ ಬೇಸರ ಆಯ್ತಾ ಶಶಿ?" ಎಂದು ಒಂದು ದಿನ ಕೇಳಿದಾಗ ನನಗೆ ಹೊಟ್ಟೆ ಉರಿದುಹೋಯಿತು. ಕೆಲಸ ಆಗುವವರೆಗೆ ಮಹಾಬಲ, ಆದ ಮೇಲೆ ಯಾರೋ ಏನೋ! ಆ ಲೋಕಯ್ಯಣ್ಣನಿಗೆ ನಾಲ್ಕು ಮಾತು ಕೇಳಿಸದೆ ಬಿಡುವುದಿಲ್ಲ ಎಂದು ಮನಸ್ಸಿನಲ್ಲೇ ಸೊಂಟಕ್ಕೆ ಸೆರಗು ಸಿಕ್ಕಿಸಿದೆ.

ಸುರತ್ಕಲ್ಲಿನ ತಂಗಿಯ ಮನೆಗೆ ಹೋಗಿ ಬರುವಾಗ ಅವಕಾಶ ತಾನಾಗಿಯೇ ಸಿಕ್ಕಿತು. ಕೊಟ್ಟಾರದಲ್ಲಿ ಬಸ್ಸಿನಿಂದಿಳಿದು ಸೀದಾ ಹೋಟೆಲಿಗೆ ನುಗ್ಗಿದೆ. ಊಟದ ಹೊತ್ತು ಮುಗಿದಿತ್ತು. ಬೆಂಚುಗಳು ಖಾಲಿ. ದುಡ್ಡಿನ ಗಲ್ಲಾದ ಪಕ್ಕದ ಮೇಜಿನ ಮೇಲೆ ಇವರು ಕಟ್ಟಿದ ಸಾಗುವಾನಿ ಪೆಟ್ಟಿಗೆ, ಅದರ ಬೆನ್ನು ಬಿಚ್ಚಿದೆ, ಎದುರಿಗೆ ಗುರುತಿಲ್ಲದ ಒಬ್ಬ ಮನುಷ್ಯ ಸ್ಕ್ರೂಡ್ರೈವರ್ ಹಿಡಿದು ಕೂತಿದ್ದಾನೆ. ನನ್ನನ್ನು ಕಂಡ ಲೋಕಯ್ಯಣ್ಣ, ಅಡುಗೆಮನೆಯಲ್ಲಿ ಬೆಲ್ಲ ಕದಿಯುವಾಗ ಸಿಕ್ಕಿಬಿದ್ದ ಮಗುವಿನಂತೆ ನಿಂತುಬಿಟ್ಟರು.

"ಇವರು ಯಾರು?" ಎಂದೆ.

"ಅದು... ಪಿಯುಸ್ ಅಂತ. ಹಂಪನಕಟ್ಟೆಯಲ್ಲಿ ರೇಡಿಯೋ ರಿಪೇರಿ ಮಾಡ್ತಾರೆ."

"ನಿಮ್ಮ ದೋಸ್ತಿ ಸತ್ತುಹೋದ್ರಾ ಲೋಕಯ್ಯಣ್ಣ, ಹಂಪನಕಟ್ಟೆಯಿಂದ ಜನ ಕರೆಸ್ಲಿಕ್ಕೆ?"

ಪಿಯುಸ್ ಎಂಬಾತ ನನ್ನ ದನಿ ಕೇಳಿ ಸ್ಕ್ರೂಡ್ರೈವರ್ ಕೆಳಗಿಟ್ಟ. "ಕೆಲಸ ಭಾರೀ ಚಂದ ಮಾಡಿದ್ದಾರೆ ಅಮ್ಮ. ಕೈ ಹಾಕ್ಲಿಕ್ಕೇ ಮನಸ್ಸು ಬರುದಿಲ್ಲ" ಎಂದ. ಆ ಸಿಟ್ಟಿನಲ್ಲೂ ನನಗೆ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ.

ಲೋಕಯ್ಯಣ್ಣ ನನ್ನನ್ನು ಬೆಂಚಿನಲ್ಲಿ ಕೂರಿಸಿ ತಾವು ನಿಂತೇ ಮಾತಾಡಿದರು.

"ಅಕ್ಕ, ನೀವು ಬಯ್ಯಿರಿ, ಆದ್ರೆ ಮೊದ್ಲು ಕೇಳಿ. ಹಿಂದೆ ಅಡುಗೆಮನೆಯಲ್ಲಿ ಗ್ರೈಂಡರ್ ಉಂಟಲ್ಲಾ, ಅದನ್ನು ಹಾಕಿದ ಕೂಡ್ಲೇ ಈ ಪೆಟ್ಟಿಗೆ ಗುಂಯ್ ಅಂತ ಬೊಬ್ಬೆ ಹೊಡೀತದೆ. ಹಾಡೂ ಇಲ್ಲ, ವಾರ್ತೆಯೂ ಇಲ್ಲ, ಗುಂಯ್ ಒಂದೇ. ಊಟಕ್ಕೆ ಬಂದವರು ಎದ್ದು ಹೋಗ್ತಾರೆ. ಒಮ್ಮೆ ಹೇಳಿದೆ. ಮಹಾಬಲ ಎಂತ ಮಾಡಿದ? ರಿಕ್ಷಾದಲ್ಲಿ ಬಂದು ಹೊತ್ಕೊಂಡು ಹೋದ. ಒಳಗೆ ಎಂತೆಂತದೋ ಹೊಸತು ಹಾಕಿ ತಂದ. ಆ ಸಾಮಾನಿನ ದುಡ್ಡು ತಗೊಳ್ಲಿಲ್ಲ, ರಿಕ್ಷಾದ ಬಾಡಿಗೆ ತಗೊಳ್ಲಿಲ್ಲ. ಮರುದಿನ ಗ್ರೈಂಡರ್ ಹಾಕಿದ್ರೆ ಮತ್ತೆ ಗುಂಯ್. ಇನ್ನು ಯಾವ ಬಾಯಲ್ಲಿ ಹೇಳುದು?"

"ಇದೇ ಬಾಯಲ್ಲಿ ಹೇಳುದು. ದೋಸ್ತಿ ಅಲ್ವಾ?"

"ದುಡ್ಡು ತಗೊಂಡಿದ್ರೆ ನಿಮ್ಮ ಅಂಗಳದಲ್ಲಿ ನಿಂತು, ಎಂತ ಡಬ್ಬ ಕಟ್ಟಿಕೊಟ್ಟಿದ್ದೀ ಮಾರಾಯ ಅಂತ ಬೊಬ್ಬೆ ಹಾಕ್ತಿದ್ದೆ. ಧರ್ಮಕ್ಕೆ ಕೊಟ್ಟವನಿಗೆ ಬಯ್ಲಿಕ್ಕಾಗ್ತದಾ?"

ಅವರು ಹೆಗಲಿನ ಬೈರಾಸು ತೆಗೆದು ಮುಖ ಒರೆಸಿಕೊಂಡರು. ಆಮೇಲೆ ಸ್ವರ ತಗ್ಗಿತು.

"ನಿಮ್ಮ ಮಾವನವರ ಅಂಗಳದಲ್ಲಿ ನನ್ನ ಅಪ್ಪ ಅಕ್ಕಿಮುಡಿ ಇಳಿಸಿ ನಿಲ್ತಿದ್ರು ಅಕ್ಕ. ಅವರು ಕೊಟ್ಟದ್ದು ತಗೊಳ್ಳುದು, ಒಳ್ಳೆದಾಯ್ತು ಅಂತ ತಲೆ ತಗ್ಗಿಸುದು, ಬರುದು. ನಾನು ಮಹಾಬಲನ ಎದುರು ಯಾವತ್ತೂ ಹಾಗೆ ನಿಂತವನಲ್ಲ. ಈ ಪೆಟ್ಟಿಗೆ ಬಂದ ಮೇಲೆ ಪೆಟ್ಟಿಗೆ ಹೇಗುಂಟು ಅಂತ ಅವನು ಕೇಳುದು, ಒಳ್ಳೆದುಂಟು ಒಳ್ಳೆದುಂಟು ಅಂತ ನಾನು ತಲೆ ತಗ್ಗಿಸುದು. ಒಂದು ದಿನ ನನಗೇ ಗೊತ್ತಾಯ್ತು, ನಾನು ಅಪ್ಪನ ಹಾಗೆ ನಿಂತಿದ್ದೇನೆ ಅಂತ. ಮತ್ತೆ ಬರ್ಲಿಕ್ಕೆ ಮನಸ್ಸಾಗ್ಲಿಲ್ಲ."

ಇಷ್ಟು ವರ್ಷ ದುಡ್ಡು ಕೇಳಿ ಎಂದು ಇವರನ್ನು ಪೀಡಿಸಿದವಳು ನಾನು. ಅದೆಲ್ಲ ನಮ್ಮ ಮನೆಯ ಖರ್ಚಿನ ಯೋಚನೆ. ತೆಗೆದುಕೊಳ್ಳದೆ ಹೋದರೆ ಎದುರಿನವನ ಬಾಯಿ ಹೀಗೆ ಕಟ್ಟಿಹೋಗುತ್ತದೆಂದು ನನಗಾದರೂ ಎಲ್ಲಿ ಹೊಳೆದಿತ್ತು? ಲೋಕಯ್ಯಣ್ಣನನ್ನು ನೋಡಿ ಅಯ್ಯೋ ಅನ್ನಿಸಿತು. ಜಗಲಿಯ ಖಾಲಿ ಕುರ್ಚಿ ನೆನಪಾಗಿ ಇನ್ನೂ ಅಯ್ಯೋ ಅನ್ನಿಸಿತು.

"ಈ ಪಿಯುಸಣ್ಣನಿಗೆ ಎಷ್ಟು ಕೊಡ್ತೀರಿ?" ಎಂದು ಕೇಳಿದೆ.

"ಐವತ್ತು ಮಾತಾಡಿದ್ದೇವೆ."

"ಅವರಿಗೆ ಒಂದು ಚಾ ಕೊಟ್ಟು, ಬಸ್ಸಿನ ದುಡ್ಡು ಕೊಟ್ಟು ಕಳಿಸಿ. ಆ ಐವತ್ತು ನನ್ನ ಕೈಗೆ ಕೊಡಿ. ಕಟ್ಟಿದ ಕೂಲಿ, ಹಾಕಿದ ಸಾಮಾನು, ಮರ, ಅದೆಲ್ಲ ಬೇರೆ. ನಾನು ಲೆಕ್ಕ ಮಾಡಿ ಹೇಳ್ತೇನೆ, ತಿಂಗಳು ತಿಂಗಳು ಕೊಟ್ಟು ಮುಗಿಸಿ. ಬರುವ ಆದಿತ್ಯವಾರ ಪೆಟ್ಟಿಗೆ ತಗೊಂಡು ಮನೆಗೆ ಬಂದು ನಿಮ್ಮ ದೋಸ್ತಿಗೆ ಬಯ್ದು ಹೋಗಿ."

ಲೋಕಯ್ಯಣ್ಣ ನನ್ನ ಮುಖ ನೋಡಿದರು, ಪೆಟ್ಟಿಗೆ ನೋಡಿದರು. ಗಲ್ಲಾದಿಂದ ಹತ್ತರ ಐದು ನೋಟು ಎಣಿಸಿ ಕೊಡುವಾಗ ಅವರ ಹೆಗಲು ಆಗಲೇ ಸ್ವಲ್ಪ ನೆಟ್ಟಗಾದಂತೆ ಕಂಡಿತು. ಪಿಯುಸ್ ಮಾತ್ರ ಬಸ್ಸಿನ ದುಡ್ಡು ಬೇಡವೆಂದು ಇನ್ನೊಂದು ಚಾ ಕುಡಿದು ಹೋದ.

ಮನೆಗೆ ಬಂದು ಆ ನೋಟುಗಳನ್ನು ಇವರ ರೇಡಿಯೋಗಳ ನಡುವೆ ಇಟ್ಟು ನಡೆದದ್ದನ್ನೆಲ್ಲ ಹೇಳಿದೆ. ಇವರ ಮುಖ ಸಪ್ಪಗಾಯಿತು.

"ಲೋಕಯ್ಯನ ಹತ್ರ ದುಡ್ಡು ತಗೊಂಡ್ಯಾ?" ಎಂದರು. "ಇನ್ನು ಅವನು ಈ ಜನ್ಮದಲ್ಲಿ ಬರುದಿಲ್ಲ ಶಶಿ."

ಅವತ್ತಿನಿಂದ ಆದಿತ್ಯವಾರದವರೆಗೆ ಇವರು ನನ್ನ ಹತ್ತಿರ ಅಗತ್ಯಕ್ಕಷ್ಟೇ ಮಾತಾಡಿದರು. ನೋಟುಗಳನ್ನು ಕೈಯಲ್ಲಿ ಮುಟ್ಟಲೇ ಇಲ್ಲ. ನಾನು ಹೊರಗೆ ಜಂಬದಲ್ಲಿ ಓಡಾಡಿದರೂ ಒಳಗೆ ಹೆದರಿಕೆ ಇತ್ತು. ನಿಜಕ್ಕೂ ಬಾರದೆ ಹೋದರೆ ಇವರಿಂದ ಅತಿ ಹಳೆಯ ಸ್ನೇಹಿತನನ್ನು ಕಡಿದು ಹಾಕಿದವಳು ನಾನೇ ಆಗುತ್ತಿದ್ದೆ.

ಆದಿತ್ಯವಾರ ಸಂಜೆ ಗೇಟಿನ ಎದುರು ರಿಕ್ಷಾ ನಿಂತಿತು. ಪೆಟ್ಟಿಗೆಯನ್ನು ಎದೆಗೆ ಅವಚಿಕೊಂಡು ಇಳಿದ ಲೋಕಯ್ಯಣ್ಣ ಅಂಗಳಕ್ಕೆ ಕಾಲಿಟ್ಟವರೇ ಸುರು ಮಾಡಿದರು.

"ಓ ಮಹಾಬಲ! ಎಂತ ಮಾರಾಯ ಇದು? ರೇಡಿಯೋ ಕಟ್ಟಿದ್ದಾ, ಜೇನುಗೂಡು ಕಟ್ಟಿದ್ದಾ? ದುಡ್ಡು ಎಣಿಸಿ ಕೊಟ್ಟಿದ್ದೇನೆ ನಾನು! ಪುಕ್ಕಟೆ ಅಲ್ಲ!"

ಪಕ್ಕದ ಮನೆಯವರು ಕಿಟಕಿ ತೆರೆದರು. ಇವರು ಕುರ್ಚಿಯಿಂದ ಎದ್ದು ನಿಂತದ್ದು ನಿಂತೇ ಇದ್ದರು. ಬಯ್ಗುಳ ತಿಂದು ಇವರಿಗೆ ಅವಮಾನವಾಯಿತೇ ಎಂದು ನಾನು ಅಂದುಕೊಳ್ಳುವಷ್ಟರಲ್ಲಿ ಇವರ ಸ್ವರವೂ ಏರಿತು.

"ಕೊಡು ಇಲ್ಲಿ! ನಾನು ಕಟ್ಟಿದ್ದು ಗುಂಯ್ ಅಂತದಾ? ನಿನ್ನ ಕಿವಿಯಲ್ಲಿ ಎಂತಾದ್ರೂ ಹೊಕ್ಕಿರ್ಬೇಕು!"

ಪೆಟ್ಟಿಗೆ ಮೇಜಿಗೆ ಬಂತು, ವಯರು ಸಿಕ್ಕಿಸಿದ್ದಾಯಿತು. ಮಂಗಳೂರು ಆಕಾಶವಾಣಿಯ ಹಾಡು ತಿಳಿನೀರಿನಂತೆ ಹರಿಯಿತು.

"ಎಲ್ಲಿ ಉಂಟು ಗುಂಯ್? ತೋರ್ಸು!"

"ನನ್ನ ಹೋಟೆಲಲ್ಲಿ ಉಂಟು! ನಾನು ಗಿರಾಕಿಗಳಿಗೆ ನಿನ್ನ ಜಗಲಿಯಲ್ಲಿ ಊಟ ಬಡಿಸುದಾ?"

"ಗ್ರೈಂಡರ್ ಹಾಕಿದ್ರೆ ಅಂತ ನೀನು ಅವತ್ತೇ ಯಾಕೆ ಹೇಳ್ಲಿಲ್ಲ? ಬರೀ ಗುಂಯ್ ಅಂತದೆ ಅಂದಿ! ಮನೆಯಲ್ಲಿ ಕೂತು ನಾನು ಒಳ್ಳೊಳ್ಳೆ ಸಾಮಾನು ಕಿತ್ತು ಬಿಸಾಡಿದೆ!"

"ಹೇಳ್ಲಿಕ್ಕೆ ನೀನು ಬಾಯಿ ಎಲ್ಲಿ ಬಿಟ್ಟಿದ್ದಿ? ದುಡ್ಡು ಬೇಡ ದುಡ್ಡು ಬೇಡ ಅಂತ ನನ್ನ ಬಾಯಿಗೆ ಮಣ್ಣು ಹಾಕಿದಿ!"

ಆ ಮಾತಿಗೆ ಇವರು ಬೆಸುಗೆಯ ಕಡ್ಡಿಯನ್ನು ಅತ್ತಿತ್ತ ತಿರುಗಿಸಿದರು. ನಾನು ಇಟ್ಟ ನೋಟುಗಳು ಇನ್ನೂ ಅಲ್ಲೇ ಇದ್ದವು. ಇವರು ಅವನ್ನು ಎತ್ತಿ, ಮಡಚಿ, ಲೋಕಯ್ಯಣ್ಣ ನೋಡುತ್ತಿದ್ದ ಹಾಗೆಯೇ ಬನಿಯನ್ನಿನ ಒಳಗೆ ಇಟ್ಟುಕೊಂಡರು. ನನ್ನ ಕಣ್ಣು ತುಂಬಿತು. ಆ ಹೊತ್ತಿನಲ್ಲಿ ಇವರ ಮೇಲೆ ನನಗೆ ಉಕ್ಕಿದ ಪ್ರೀತಿಯನ್ನು ಹೇಳಿದರೆ ನೀವು ನಗುತ್ತೀರಿ.

ಆಮೇಲಿನ ಒಂದು ಗಂಟೆ ಇಬ್ಬರೂ ಪೆಟ್ಟಿಗೆಯೊಳಗೆ ತಲೆ ಹಾಕಿಕೊಂಡು ಒಂದೇ ಸಮ ಕಚ್ಚಾಡಿದರು. ನಾನು ಒಳಗೆ ನೀರುದೋಸೆ ಹೊಯ್ದೆ. ಹೊರಗಿನ ಒಂದು ಮಾತೂ ತಪ್ಪಿಹೋಗದ ಹಾಗೆ ಬಾಗಿಲನ್ನು ತೆರೆದೇ ಇಟ್ಟಿದ್ದೆ.

"ನಾಳೆ ರಜೆ ಹಾಕಿ ಅಲ್ಲಿಗೇ ಬರ್ತೇನೆ" ಎಂದರು ಇವರು ಕೊನೆಗೆ. "ಗ್ರೈಂಡರಿನ ಕರೆಂಟು ಲೈನನ್ನೇ ಬೇರೆ ಮಾಡ್ಬೇಕು. ಅದಕ್ಕೆ ಕೂಲಿ ಬೇರೆ, ಈಗಲೇ ಹೇಳ್ತೇನೆ."

"ಕೊಡ್ತೇನೆ ಮಾರಾಯ. ಮಧ್ಯಾಹ್ನದ ಊಟ ಅಲ್ಲಿಯೇ ಮಾಡು."

"ಊಟದ ದುಡ್ಡು ತಗೊಳ್ತೀಯಾ?"

"ಛೆ! ಹನ್ನೆರಡು ವರ್ಷದಲ್ಲಿ ಒಮ್ಮೆಯಾದ್ರೂ ನಿನ್ನ ಹತ್ರ ತಗೊಂಡಿದ್ದೇನಾ?"

"ಇಲ್ಲ. ಅದಕ್ಕೇ ನಾಳೆ ತಗೊ. ಹನ್ನೆರಡು ವರ್ಷದಿಂದ ನನಗೂ ಒಂದು ಹೇಳ್ಲಿಕ್ಕೆ ಉಂಟು."

"ಎಂತ?"

ಇವರು ಒಮ್ಮೆ ಗಂಟಲು ಸರಿಮಾಡಿಕೊಂಡರು. "ನಿನ್ನ ಬಂಗುಡೆ ಗಸಿಗೆ ಹುಳಿ ಜಾಸ್ತಿ. ತಿಂದ್ರೆ ಹಲ್ಲು ಜುಮ್ ಅಂತದೆ."

ನಾನು ದೋಸೆಯ ಸಟ್ಟುಗ ಹಿಡಿದು ಬಾಗಿಲಿಗೆ ಬಂದೆ. ಲೋಕಯ್ಯಣ್ಣನ ಮುಖ ಕೆಂಪಾಗಿತ್ತು. ಕುರ್ಚಿಯಿಂದ ಅರ್ಧ ಎದ್ದರು, ಮತ್ತೆ ಕೂತರು, ಎಲೆ ಅಡಿಕೆಯ ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು.

"ನಾಳೆ ದುಡ್ಡು ಕೊಡು" ಎಂದರು. "ಆಮೇಲೆ ಹೇಳು."