ಹದ ಬಂದಾಗ ಇಳಿಸಿ

ಕೀಲುನೋವಿಗೆ ಹಚ್ಚುವ ಎಣ್ಣೆ ಮಾಡುವುದರಲ್ಲಿ ಅತ್ತಿಗೆಯದು ಎತ್ತಿದ ಕೈ. ಬರೆಯುವುದರಲ್ಲಿ ಮಾತ್ರ ಕೈ ಮೇಲೇಳುತ್ತಿರಲಿಲ್ಲ. ‘ತಯಾರಿಸುವ ವಿಧಾನ’ ಎಂದು ಅಚ್ಚಾಗಿದ್ದ ಹಾಳೆಯ ಮುಂದೆ ಎರಡು ದಿನ ಕೂತು, ಕೊನೆಗೆ ಏಳು ಸಾಲು ಬರೆದು ಮುಗಿಸಿದ್ದಳು. ಎಳ್ಳೆಣ್ಣೆ ಇಷ್ಟು, ಶುಂಠಿ ರಸ ಇಷ್ಟು, ಜಜ್ಜಿದ ಬೆಳ್ಳುಳ್ಳಿ, ನಾಲ್ಕು ಒಣಮೆಣಸಿನಕಾಯಿ, ಸಣ್ಣ ಉರಿ, ಕೈಬಿಡದೆ ತಿರುವುವುದು. ಏಳನೆಯ ಸಾಲು: ‘ಹದ ಬಂದಾಗ ಇಳಿಸಿ.’

ಬೀದಿಯವರೆಲ್ಲ ಅವಳನ್ನು ಅತ್ತಿಗೆ ಎಂದೇ ಕರೆಯುತ್ತಿದ್ದರು. ಅದು ನಾದಿನಿಯಿಂದ ಕಲಿತದ್ದು. ಗಂಡನ ತಂಗಿ ಇಪ್ಪತ್ತು ವರ್ಷ ಆ ಮನೆಯಲ್ಲಿದ್ದು, ದಿನಕ್ಕೆ ನೂರು ಸಲ ಅತ್ತಿಗೆ ಅತ್ತಿಗೆ ಎಂದು ಕೂಗಿ, ಹಾಲಿನವನ ಬಾಯಿಗೂ ಅದೇ ಹೆಸರು ಹತ್ತಿಸಿದ್ದಳು. ಈಗ ಮೂರು ವರ್ಷದಿಂದ ಅವಳು ಆ ಮನೆಯಲ್ಲಿಲ್ಲ.

ಹಾಳೆ ಕೇಳಿದ್ದು ಸೈಕಲ್ ಅಂಗಡಿಯ ಮಹಡಿಯ ಮೇಲಿದ್ದ ಸಹಾಯ ಕೇಂದ್ರದವರು. ಮನೆಯಲ್ಲೇ ಸಣ್ಣಪುಟ್ಟ ಉದ್ಯಮ ಮಾಡುವವರಿಗೆ ತಕ್ಕಡಿ ಎರವಲು ಕೊಡುವುದು, ಲೇಬಲ್ ಅಚ್ಚು ಹಾಕಿಸುವುದು, ಪರವಾನಗಿಯ ಅರ್ಜಿ ತುಂಬಿಸುವುದು, ಎಲ್ಲ ಅಲ್ಲಿ ಪುಕ್ಕಟೆ. ಲಾಭದ ಆಸೆಯಿಲ್ಲದ ಸಂಸ್ಥೆ. ಅಲ್ಲಿನ ಚಹಾಕ್ಕೂ ಹಾಲು ಸಕ್ಕರೆಯ ಆಸೆ ಇರುತ್ತಿರಲಿಲ್ಲ. ಅದನ್ನು ನಡೆಸುತ್ತಿದ್ದವರು ಫಾರ್ಮಸಿ ಮೇಡಂ. ನಲವತ್ತು ವರ್ಷ ಔಷಧಿ ಅಂಗಡಿಯಲ್ಲಿ ನಿಂತು ಡಾಕ್ಟರುಗಳ ಅಕ್ಷರ ಓದಿದವರಾದ್ದರಿಂದ ಯಾರ ಬರವಣಿಗೆಗೂ ಹೆದರುತ್ತಿರಲಿಲ್ಲ. ‘ನೋವು ಓಡಿಸುವ ಎಣ್ಣೆ’ ಎಂದು ಅತ್ತಿಗೆ ಬರೆದುಕೊಂಡು ಹೋಗಿದ್ದನ್ನು ಹೊಡೆದುಹಾಕಿ ‘ಹಚ್ಚಿ ತಿಕ್ಕುವ ಎಣ್ಣೆ’ ಎಂದು ತಿದ್ದಿದ್ದರು. ಓಡುತ್ತೋ ಬಿಡುತ್ತೋ ಅದು ನೋವಿಗೆ ಬಿಟ್ಟದ್ದು ಎಂದಿದ್ದರು.

ಕೇಂದ್ರದಲ್ಲಿ ಒಂದು ಕಟ್ಟುನಿಟ್ಟಿನ ಪದ್ಧತಿಯಿತ್ತು. ನೀವು ಬರೆದ ವಿಧಾನವನ್ನು ನೀವು ಮಾಡಿ ತೋರಿಸುವಂತಿಲ್ಲ. ಹಾಳೆಯನ್ನು ಇನ್ನೊಬ್ಬ ಸದಸ್ಯರ ಕೈಗೆ ಕೊಡುತ್ತಾರೆ. ಅವರು ಕೇಂದ್ರದ ಒಲೆಯ ಮೇಲೆ, ಬರೆದದ್ದನ್ನು ಬರೆದಂತೆ ಮಾಡಬೇಕು. ಬರೆದವರು ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂರಬೇಕು. ಅತ್ತಿಗೆಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇರಲಿಲ್ಲ.

ಅವಳ ಪಾಲಿಗೆ ಬಂದವನು ಮೇಣದಬತ್ತಿ ಮಾಡುವವನು. ಥರ್ಮಾಮೀಟರ್ ಇಲ್ಲದೆ ಸ್ನಾನದ ನೀರನ್ನೂ ಮುಟ್ಟದ ಮನುಷ್ಯ. ಆರು ಸಾಲು ಸರಾಗವಾಗಿ ದಾಟಿದವನು ಏಳನೆಯದಕ್ಕೆ ಬಂದು ನಿಂತ. ಹದ ಎಂದರೆ ಎಷ್ಟು ಡಿಗ್ರಿ ಎಂದು ಹಾಳೆಯ ಹಿಂದೆ ಮುಂದೆ ಹುಡುಕಿದ. ಬರುತ್ತದೆ ಎಂದು ಬರೆದಿದ್ದಾರಲ್ಲ, ಬರಲಿ ಎಂದು ಕಾದ. ಅವನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿರುವಾಗಲೇ ಪಾತ್ರೆಯ ಎಣ್ಣೆ ಕರ್ರಗಾಗಿ, ಮಹಡಿಯೆಲ್ಲ ಕೆಮ್ಮಿ, ಕೆಳಗಿನ ಸೈಕಲ್ ಅಂಗಡಿಯವನು ಮೆಟ್ಟಿಲು ಹತ್ತಿ ಬಂದ.

ಮೇಡಂ ನಗಲಿಲ್ಲ. ಅತ್ತಿಗೆ ಮನೆಯಿಂದ ತಂದಿದ್ದ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ತಳದಲ್ಲಿ ನಿಂತಿದ್ದ ನೀರಿನ ತೆಳುಪದರವನ್ನು ತೋರಿಸಿದರು. ಅವನು ತಡವಾಗಿ ಇಳಿಸಿದ, ನೀವು ಬೇಗ ಇಳಿಸುತ್ತಿದ್ದೀರಿ, ನೀರು ಉಳಿದ ಎಣ್ಣೆ ತಿಂಗಳೊಳಗೆ ಕೆಡುತ್ತದೆ, ಇದಕ್ಕೆ ನಾನು ಸಹಿ ಹಾಕಲಾರೆ ಎಂದರು. ಮುಂದಿನ ಶುಕ್ರವಾರದವರೆಗೆ ಸಮಯ ಕೊಟ್ಟರು.

“ಹದ ಬಂತು ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?” ಎಂದು ಕೇಳಿದರು.

“ನನಗೆ ಗೊತ್ತಾಗಲ್ಲ ಮೇಡಂ. ನಾನು ತಿರುವ್ತಿದ್ದೆ. ಈಗ ಅಂತ ಹೇಳ್ತಿದ್ದೋಳು ನಮ್ಮ ನಾದಿನಿ.”

ಇಷ್ಟು ಹೇಳುವಾಗ ಅತ್ತಿಗೆಗೆ ಅವಮಾನವಾಗಬೇಕಿತ್ತು. ನಿಜ ಹೇಳಬೇಕೆಂದರೆ ಅವಳಿಗೆ ಖುಷಿಯಾಯಿತು. ನಾದಿನಿಯನ್ನು ಮಾತಾಡಿಸಲು ಮೂರು ವರ್ಷದಿಂದ ಹುಡುಕುತ್ತಿದ್ದ ನೆಪ ಮೇಡಂ ಕೈಯಿಂದಲೇ ಸಿಕ್ಕಿತ್ತು.

ನಾದಿನಿ ಹೋದದ್ದು ಹೀಗೆ. ನಲವತ್ನಾಲ್ಕನೆಯ ವಯಸ್ಸಿನಲ್ಲಿ ಅವಳು ಹೊಲಿಗೆ ಯಂತ್ರ ರಿಪೇರಿ ಮಾಡುವ ವಿಧುರನೊಬ್ಬನನ್ನು ಮದುವೆಯಾಗುತ್ತೇನೆ ಎಂದಳು. ಆತ ಮನೆಯ ಯಂತ್ರ ರಿಪೇರಿಗೆಂದು ಬಂದವನು. ಒಂದು ಬೆಲ್ಟು ಹಾಕಲು ಐದು ಸಲ ಬಂದಾಗಲೇ ಅತ್ತಿಗೆಗೆ ಅನುಮಾನ ಬರಬೇಕಿತ್ತು. ಆತನ ಎದುರೇ ಅತ್ತಿಗೆ, ಈ ವಯಸ್ಸಿಗೆ ಮದುವೆ ಅಂದರೆ ಜನ ನಗುತ್ತಾರೆ ಎಂದುಬಿಟ್ಟಳು. ನಾದಿನಿ ಜಗಳವಾಡಲಿಲ್ಲ. “ನಗೋರಲ್ಲಿ ನೀವೇ ಮೊದಲನೇಯೋರು ಅತ್ತಿಗೆ,” ಎಂದು ಬಟ್ಟೆ ಮಡಚಿಕೊಂಡಳು. ನೋಂದಣಿ ಕಚೇರಿಗೆ ಅಣ್ಣ ಹೋಗಿ ಸಹಿ ಹಾಕಿ ಬಂದ. ಅತ್ತಿಗೆ ತಲೆನೋವೆಂದು ಮುಸುಕು ಹಾಕಿ ಮಲಗಿದ್ದಳು.

ಆಮೇಲಿನದು ತಲೆನೋವಲ್ಲ. ಎಣ್ಣೆ ತಿರುವುವ ಒಂದು ಗಂಟೆ, ಎದುರಿನ ಗಿಡ್ಡ ಮಣೆಯ ಮೇಲೆ ಕೂತು ಊರಿನವರ ಸುದ್ದಿಯನ್ನೆಲ್ಲ ಬಿಡಿಸಿ ಹೇಳುವ ಬಾಯಿ ಇರಲಿಲ್ಲ. ಪಕ್ಕದ ಮನೆಯ ಮೇಷ್ಟರು ಕೂದಲಿಗೆ ಬಣ್ಣ ಹಚ್ಚಿ ಹಣೆಗೂ ಹಚ್ಚಿಕೊಂಡಿದ್ದನ್ನು ನೋಡಿ ಅತ್ತಿಗೆ ನಗುತ್ತ ಒಳಗೆ ಓಡಿಬಂದವಳು, ಹೇಳಲು ಯಾರೂ ಇಲ್ಲವೆಂದು ಹೊಳೆದು ಅಡುಗೆಮನೆಯಲ್ಲಿ ಸುಮ್ಮನೆ ನಿಂತಿದ್ದಳು. ಗಂಡನಿಗೆ ಹೇಳಿದರೆ ಯಾವ ಬಣ್ಣ ಎಂದು ಕೇಳುತ್ತಾನೆ. ಆತ ಪ್ರತಿ ಭಾನುವಾರ ತಾರಸಿಗೆ ಹೋಗಿ ತಂಗಿಯ ಜೊತೆ ಫೋನಿನಲ್ಲಿ ಮಾತಾಡಿ, ಬಟ್ಟೆ ಒಣಗಿದೆಯಾ ನೋಡಿ ಬಂದೆ ಎನ್ನುತ್ತಿದ್ದ. ಭಾನುವಾರ ಅವರ ಮನೆಯಲ್ಲಿ ಬಟ್ಟೆ ಒಗೆಯುತ್ತಿರಲಿಲ್ಲ.

ಬುಧವಾರ ಮಧ್ಯಾಹ್ನ ಅತ್ತಿಗೆ ನಾದಿನಿಗೆ ಫೋನು ಮಾಡಿದಳು. ಅದು ಬಾಯಲ್ಲಿ ಹೇಳುವಂಥದ್ದಲ್ಲ, ನಾನೇ ಬಂದು ತೋರಿಸಬೇಕು ಎಂದು ನಾದಿನಿ ಹೇಳಲಿ ಎಂದು ಅವಳ ಆಸೆ. ನಾದಿನಿ ಮಲಗುತ್ತಿದ್ದ ಹಾಸಿಗೆಯ ಹೊದಿಕೆ ಬೆಳಗ್ಗೆಯೇ ಬದಲಾಯಿಸಿದ್ದಳು.

ನಾದಿನಿಯ ದನಿ ಚೆನ್ನಾಗಿಯೇ ಇತ್ತು. ಕ್ಷೇಮ ಕೇಳಿದಳು, ಮೇಣದಬತ್ತಿಯವನ ಕಥೆ ಕೇಳಿ ನಕ್ಕಳು. ಆಮೇಲೆ, ಇದೇನು ಮಹಾ ಎನ್ನುವಂತೆ ಹೇಳಿಬಿಟ್ಟಳು.

“ನಾನು ಎಣ್ಣೆ ನೋಡ್ತಾನೇ ಇರ್ಲಿಲ್ಲ ಅತ್ತಿಗೆ, ನಿಮ್ಮನ್ನ ನೋಡ್ತಿದ್ದೆ. ಶುಂಠಿ ನೀರೆಲ್ಲ ಆರಿದ ಮೇಲೆ ಮೆಣಸಿನಕಾಯಿ ಘಾಟು ಏಳುತ್ತಲ್ಲ, ಆಗ ನಿಮ್ಮ ಎಡಗಣ್ಣು ಮುಚ್ಕೊಂಡ್ಬಿಡೋದು. ಅದು ಮುಚ್ತಿದ್ದ ಹಾಗೇ ನಾನು ಈಗ ಅಂತಿದ್ದೆ.”

ಅತ್ತಿಗೆ ಬೆಪ್ಪಾಗಿ ಕೂತಳು. ಇಪ್ಪತ್ತು ವರ್ಷ ತನ್ನ ಮುಖವನ್ನು ಇಷ್ಟು ಹತ್ತಿರದಿಂದ ನೋಡಿದವರು ಬೇರೆ ಯಾರಿದ್ದರು? ಸರಿ, ಇಡ್ತೀನಿ ಎಂದು ಇಟ್ಟುಬಿಟ್ಟಳು.

ಗುರುವಾರ ಒಬ್ಬಳೇ ಎಣ್ಣೆ ಕಾಯಿಸಿದಳು. ಇಷ್ಟು ದಿನ ಸೀದುಹೋದೀತು ಎಂಬ ಹೆದರಿಕೆಗೆ ನೊರೆ ಇರುವಾಗಲೇ ಇಳಿಸುತ್ತಿದ್ದವಳು, ಈ ಸಲ ಜೀವ ಬಿಗಿಹಿಡಿದು ನಿಂತಳು. ನೊರೆ ಒಡೆಯಿತು. ಘಾಟು ಎದ್ದಿತು. ಎಡಗಣ್ಣು ತಾನಾಗಿಯೇ ಮುಚ್ಚಿಕೊಂಡಿತು. ಇಳಿಸಿದ ಎಣ್ಣೆ ತಿಳಿಯಾಗಿತ್ತು, ತಣ್ಣಗಾದ ಮೇಲೆ ತಳದಲ್ಲಿ ಒಂದು ಹನಿ ನೀರಿರಲಿಲ್ಲ. ಕಣ್ಣು ಮಾತ್ರ ಬಹಳ ಹೊತ್ತು ಸುರಿಯುತ್ತಲೇ ಇತ್ತು. ಅಷ್ಟೆಲ್ಲ ಮೆಣಸಿನಕಾಯಿ ಅವಳು ಹಾಕಿರಲಿಲ್ಲ.

ಶುಕ್ರವಾರ ಏಳನೆಯ ಸಾಲನ್ನು ‘ನೊರೆ ಒಡೆದು, ಮೆಣಸಿನ ಘಾಟು ಕಣ್ಣಿಗೆ ತಾಗಿದ ಕೂಡಲೇ ಇಳಿಸಿ’ ಎಂದು ತಿದ್ದಿ ಕೊಟ್ಟಳು. ಮೇಣದಬತ್ತಿಯವನು ಎರಡೂ ಕಣ್ಣಲ್ಲಿ ನೀರು ಸುರಿಸುತ್ತ ಸರಿಯಾದ ಹೊತ್ತಿಗೆ ಇಳಿಸಿ, ಮೆಚ್ಚುಗೆಗಾಗಿ ಸುತ್ತ ನೋಡಿದ. ಮೇಡಂ ಸಹಿ ಹಾಕಿದರು. ಇನ್ನು ಈ ಎಣ್ಣೆಯನ್ನು ಯಾರು ಬೇಕಾದರೂ ಮಾಡಬಹುದು, ಯಾರನ್ನೂ ಕೇಳಬೇಕಾಗಿಲ್ಲ ಎಂದು ಅವಳ ಬೆನ್ನು ತಟ್ಟಿದರು.

ಆ ಮಾತು ಅತ್ತಿಗೆಯ ಎದೆಗೆ ನಾಟಿತು. ಇದ್ದ ಒಂದೇ ನೆಪವನ್ನು ಅವಳೇ ಕೈಯಾರೆ ಶುದ್ಧ ಅಕ್ಷರದಲ್ಲಿ ಬರೆದು ಕಳೆದುಕೊಂಡಿದ್ದಳು. ಮನೆಗೆ ಬಂದು, ಚಪ್ಪಲಿ ಬಿಡದೆ ಬಾಗಿಲ ಬಳಿಯೇ ನಿಂತು ಮತ್ತೆ ಫೋನು ಮಾಡಿದಳು.

ನಾದಿನಿ ಎಣ್ಣೆ ಸರಿ ಬಂತಾ ಎಂದು ಕೇಳಿದಳು. ಬಂತು, ಸಹಿಯೂ ಆಯಿತು ಎಂದಳು ಅತ್ತಿಗೆ. ಮತ್ತೇನು ಎಂದು ನಾದಿನಿ ಕೇಳಿದಾಗ ಹೇಳಲು ಎಣ್ಣೆಯ ವಿಷಯ ಏನೂ ಉಳಿದಿರಲಿಲ್ಲ.

“ಅವತ್ತು ಜನ ನಗ್ತಾರೆ ಅಂದೆನಲ್ಲ,” ಎಂದಳು. “ಯಾವ ಜನಾನೂ ನಗ್ತಿರ್ಲಿಲ್ಲ ಕಣೇ. ನೀನು ಹೋಗ್ಬಿಡ್ತೀಯಲ್ಲ ಅಂತ ನನಗೆ ಹೊಟ್ಟೆ ಉರೀತು. ತಪ್ಪು ನಂದೇ. ದಿನಾ ಬಾಗಿಲು ನೋಡ್ತೀನಿ. ಒಂದು ಸಲ ಬಾ.”

ಆ ಕಡೆ ಹೊಲಿಗೆ ಯಂತ್ರವೊಂದು ಓಡುತ್ತಿದ್ದದ್ದು ನಿಂತಿತು.

“ನಾನೂ ನೋಡ್ತಿದ್ದೆ ಅತ್ತಿಗೆ,” ಎಂದಳು ನಾದಿನಿ. “ಮೂರು ವರ್ಷದಿಂದ. ನಮ್ಮ ಮನೆ ಬಾಗಿಲು. ಅಣ್ಣ ಬಂದಾಗೆಲ್ಲ ಅವನ ಹಿಂದೆ ನೀವೂ ಬರ್ತೀರೇನೋ ಅಂತ.”

ಅತ್ತಿಗೆ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ನಾದಿನಿ ಬರಲಿಲ್ಲ, ಬರಲಿಲ್ಲ ಎಂದು ಕೊರಗಿದ ಅಷ್ಟೂ ದಿನಗಳಲ್ಲಿ, ಅವಳಿಗೂ ಒಂದು ಮನೆಯಿದೆ, ಅಲ್ಲಿಗೆ ತಾನು ಹೋಗಬಹುದು ಎಂಬುದು ಒಂದೇ ಒಂದು ಸಲವೂ ಹೊಳೆದಿರಲಿಲ್ಲ.

“ಯಾವ ಬಸ್ಸು ಹತ್ತಬೇಕು?” ಎಂದು ಕೇಳಿದಳು. “ಎಲ್ಲಿ ಇಳೀಬೇಕು, ನಿಧಾನಕ್ಕೆ ಹೇಳು.”